ಮನೆಯ ನಕ್ಷೆಯನ್ನು ಓದುವುದು ಹೇಗೆ?

ಸ್ವಂತಕ್ಕೊಂದು ಮನೆ ಕಟ್ಟಿಸಿಕೊಳ್ಳಬೇಕೆಂಬ ಆಸೆ ಯಾರಿಗೆ ತಾನೆ ಇರುವುದಿಲ್ಲ? ನಿವೇಶನ ಕೊಂಡು, ಸಾಲಕ್ಕೆ ಏರ್ಪಾಡು ಮಾಡಿ, ಒಳ್ಳೆಯ ದಿನ ನೋಡಿ ಗುದ್ದಲಿ ಪೂಜೆ ನಡೆಸುವವರೆಗೆ ಮನೆಮಂದಿಯೆಲ್ಲ ಉತ್ಸಾಹದಿಂದಿರುತ್ತಾರೆ. ಆದರೆ ಎಂಜಿನಿಯರು ತಂದು ಮೇಜಿನ ಮೇಲೆ ಹರಡುವ ನಕ್ಷೆಯನ್ನು ಕಂಡಾಗ ಮಾತ್ರ ಬಹುಮಂದಿ ಸುಮ್ಮನಾಗುತ್ತಾರೆ. ಅದರಲ್ಲಿರುವ ಗೆರೆಗಳೇನು, ಅಂಕಿಗಳೇನು ಎಂದು ಕೇಳಲು ಸಂಕೋಚ. “ನಿಮಗೆ ತಿಳಿದ ಹಾಗೆ ಮಾಡಿ ಸ್ವಾಮಿ” ಎಂದು ರುಜು ಹಾಕಿ ಕೊಟ್ಟುಬಿಡುತ್ತಾರೆ. ಗೋಡೆ ಎದೆಮಟ್ಟಕ್ಕೆ ಎದ್ದ ಮೇಲೆ “ಅಯ್ಯೋ, ಕೋಣೆ ಇಷ್ಟು ಚಿಕ್ಕದೆ?” ಎಂಬ ಉದ್ಗಾರ ಹೊರಡುತ್ತದೆ. ಕಾಗದದ ಮೇಲಿನ ಗೆರೆಯನ್ನು ಅಳಿಸಲು ರಬ್ಬರು ಸಾಕು. ಕಟ್ಟಿದ ಗೋಡೆಯನ್ನು ಒಡೆದು ಸರಿಸಬೇಕಾದರೆ ಇಟ್ಟಿಗೆ, ಸಿಮೆಂಟು, ಆಳಿನ ಕೂಲಿ ಎಲ್ಲಕ್ಕೂ ಎರಡನೆಯ ಸಲ ಹಣ ತೆರಬೇಕು. ನಕ್ಷೆ ಓದುವುದು ಎಂಜಿನಿಯರಿಗೆ ಮಾತ್ರ ಮೀಸಲಾದ ವಿದ್ಯೆಯೇನೂ ಅಲ್ಲ. ಅಡಿಪಟ್ಟಿ ಹಿಡಿಯಬಲ್ಲವರು, ಕೂಡಿಸಿ ಕಳೆಯಬಲ್ಲವರು ಒಂದೆರಡು ಸಂಜೆಗಳಲ್ಲಿ ಕಲಿಯಬಹುದು.

ಮೊದಲು ಹೆಸರಿನ ವಿಚಾರ. ಎಲ್ಲರೂ ಇದನ್ನು ನೀಲನಕ್ಷೆ ಎನ್ನುತ್ತಾರಷ್ಟೆ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನದಿಂದ ಬಂದ ಹೆಸರು ಅದು. ಕಬ್ಬಿಣದ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ಟ್ರೇಸಿಂಗ್ ಹಾಳೆಯನ್ನಿಟ್ಟು ಬಿಸಿಲಿಗೆ ಹಿಡಿದು ನೀರಿನಲ್ಲಿ ತೊಳೆದರೆ, ಬೆಳಕು ತಾಗಿದ ಭಾಗವೆಲ್ಲ ನೀಲಿಯಾಗಿ, ಗೆರೆಗಳ ನೆರಳು ಬಿದ್ದೆಡೆ ಬಿಳಿಯಾಗಿ ಉಳಿಯುತ್ತಿತ್ತು. ಮುಂದೆ ಅಮೋನಿಯ ಪ್ರತಿಗಳು ಬಂದವು. ಆಗ ಬಿಳಿಯ ಮೇಲೆ ನೀಲಿ ಗೆರೆ. ಈಗ ಕಂಪ್ಯೂಟರಿನ ಅಚ್ಚುಯಂತ್ರದಿಂದ ಕಪ್ಪು ಗೆರೆಯ ಹಾಳೆಗಳು ಬರುತ್ತವೆ. ನೀಲಿ ಹೋಯಿತು, ಹೆಸರು ಉಳಿಯಿತು. ಆ ಹಳೆಯ ಕಾಲದಿಂದ ಬಂದ ನಿಯಮವೊಂದನ್ನು ಮಾತ್ರ ಮರೆಯಬಾರದು. ನೀರಿನಲ್ಲಿ ತೊಳೆದ ಕಾಗದ ಒಣಗುವಾಗ ತುಸು ಕುಗ್ಗುತ್ತಿತ್ತು. ಅದರ ಮೇಲೆ ಅಡಿಪಟ್ಟಿಯಿಟ್ಟು ಅಳೆದರೆ ಲೆಕ್ಕ ತಪ್ಪುತ್ತಿತ್ತು. ಬರೆದ ಅಂಕಿಯನ್ನೇ ನಂಬಬೇಕು, ಗೆರೆಯನ್ನು ಅಳೆದು ತೀರ್ಮಾನಿಸಬಾರದು ಎಂಬ ಕಟ್ಟಳೆ ಇಂದಿಗೂ ಇದೆ. ಇಂದು ಮೇಸ್ತ್ರಿಗಳು ನಕ್ಷೆಯ ಜೆರಾಕ್ಸ್ ಪ್ರತಿಯನ್ನೋ ಮೊಬೈಲಿನಲ್ಲಿ ಹಿಡಿದ ಚಿತ್ರವನ್ನೋ ನೋಡಿ ಕೆಲಸ ಮಾಡುವುದುಂಟಾದ್ದರಿಂದ ಈ ಮಾತು ಇನ್ನೂ ಅಗತ್ಯ.

ಕಟ್ಟುವ ಮೊದಲು ಬರೆದು ನೋಡುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಮಧ್ಯಪ್ರದೇಶದ ಭೋಜಪುರದಲ್ಲಿ ಪೂರ್ತಿಯಾಗದೆ ನಿಂತ 11ನೆಯ ಶತಮಾನದ ಶಿವಾಲಯದ ಸುತ್ತಲ ಬಂಡೆಗಳ ಮೇಲೆ ಆ ಕಾಲದ ಶಿಲ್ಪಿಗಳು ಕೊರೆದ ನಕ್ಷೆಗಳನ್ನು ಇಂದಿಗೂ ಕಾಣಬಹುದು.

ಈಗ ನಮ್ಮ ಮೇಜಿನ ಮೇಲಿನ ಹಾಳೆಗೆ ಬರೋಣ. ಬೂದುಗುಂಬಳವನ್ನು ಅಡ್ಡಲಾಗಿ ಹೆಚ್ಚಿದರೆ ಕಾಣುವ ರೂಪ ಒಂದು, ಉದ್ದಕ್ಕೆ ಸೀಳಿದರೆ ಕಾಣುವ ರೂಪ ಇನ್ನೊಂದು, ಹೆಚ್ಚದೆ ಹೊರಗಿನಿಂದ ನೋಡಿದರೆ ಮತ್ತೊಂದು. ಮನೆಯ ಪ್ಲಾನ್, ಸೆಕ್ಷನ್, ಎಲಿವೇಷನ್ ಎಂಬ ಮೂರು ಚಿತ್ರಗಳೂ ಹೀಗೆಯೇ. ಪ್ಲಾನ್ ಎಂದರೆ ಸೂರಿನ ಮೇಲೆ ಹತ್ತಿ ನೋಡಿದ ನೋಟವೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಕಿಟಕಿಯ ಕೆಳಮಟ್ಟಕ್ಕಿಂತ ಸ್ವಲ್ಪ ಮೇಲೆ, ಇಡೀ ಮನೆಯನ್ನು ಅಡ್ಡಲಾಗಿ ಕೊಯ್ದು ಮೇಲಿನ ಭಾಗವನ್ನು ಎತ್ತಿಟ್ಟು ಕೆಳಗೆ ನೋಡಿದಂತೆ ಅದನ್ನು ಬರೆಯುತ್ತಾರೆ. ಕೊಯ್ತಕ್ಕೆ ಸಿಕ್ಕ ಗೋಡೆಗಳಿಗೆ ದಪ್ಪ ಗೆರೆ ಅಥವಾ ಓರೆಗೆರೆಗಳ ತುಂಬು. ಕೆಳಗೆ ಕಾಣುವ ಮೆಟ್ಟಿಲು, ಅಡುಗೆಯ ಕಟ್ಟೆ ಮುಂತಾದುವಕ್ಕೆ ತೆಳು ಗೆರೆ. ಕೊಯ್ತಕ್ಕಿಂತ ಮೇಲಿರುವ ಸಜ್ಜ, ಅಟ್ಟ, ತೊಲೆ, ಬೆಳಕಿಂಡಿಗಳಿಗೆ ತುಂಡುಗೆರೆ. ಇದಿಷ್ಟು ತಿಳಿದರೆ ಅರ್ಧ ಓದಿದಂತೆಯೇ. ಬಾಗಿಲಿನ ಬಳಿ ಕಾಣುವ ಕಾಲು ವೃತ್ತ, ಬಾಗಿಲು ಯಾವ ಕಡೆಗೆ ತೆರೆಯುತ್ತದೆಂಬುದನ್ನು ತೋರಿಸುತ್ತದೆ. ‘ಡಿ 1’, ‘ಡಬ್ಲ್ಯು 2’ ಎಂಬ ಗುರುತುಗಳಿಗೆ ಹಾಳೆಯ ಅಂಚಿನಲ್ಲಿ ಪಟ್ಟಿಯಿರುತ್ತದೆ. ಯಾವ ಬಾಗಿಲು, ಯಾವ ಕಿಟಕಿ ಎಷ್ಟು ಅಗಲ, ಎಷ್ಟು ಎತ್ತರ ಎಂಬುದು ಅಲ್ಲಿದೆ.

ಅಳತೆಯಲ್ಲಿ ನಮ್ಮ ಜನಕ್ಕೆ ಒಂದು ತೊಡಕುಂಟು. ಮೆಟ್ರಿಕ್ ಪದ್ಧತಿ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂತು. ಆದರೂ ನಿವೇಶನಕ್ಕೆ ನಾವು ಮೂವತ್ತು–ನಲವತ್ತು ಎಂದೇ ಹೇಳುತ್ತೇವೆ, ಮನೆಗೆ ಹತ್ತು ಚದರ ಎಂದೇ ಎಣಿಸುತ್ತೇವೆ. ಒಂದು ಚದರವೆಂದರೆ ನೂರು ಚದರ ಅಡಿ. ನಕ್ಷೆಯಲ್ಲಿ ಮಾತ್ರ 3050 ಎಂದು ಮಿಲಿಮೀಟರಿನಲ್ಲಿ ಬರೆದಿರುತ್ತದೆ. 305 ಮಿಲಿಮೀಟರು ಒಂದು ಅಡಿ ಎಂದು ನೆನಪಿಟ್ಟರೆ ಅದು ಹತ್ತು ಅಡಿ ಎಂದು ಹೊಳೆಯುತ್ತದೆ. 230 ಎಂದಿದ್ದರೆ ಒಂಬತ್ತು ಅಂಗುಲದ ಗೋಡೆ, 115 ಎಂದರೆ ನಾಲ್ಕೂವರೆ ಅಂಗುಲದ್ದು. 1:100 ಎಂದರೆ ಕಾಗದದ ಒಂದು ಸೆಂಟಿಮೀಟರು ನೆಲದ ಮೇಲೆ ಒಂದು ಮೀಟರು. 1:50 ಆದರೆ ಎರಡು ಸೆಂಟಿಮೀಟರಿಗೆ ಒಂದು ಮೀಟರು.

ಅಂಕಿಗಳನ್ನು ಕೂಡಿ ನೋಡುವುದು ಮನೆಯವರೇ ಮಾಡಬಹುದಾದ ಪರೀಕ್ಷೆ. ಹೊರಗಿನ ಅಗಲ 24 ಅಡಿ ಎಂದು ಬರೆದಿದೆ ಎನ್ನೋಣ. ಎಡಗೋಡೆ 9 ಅಂಗುಲ, ಕೋಣೆ 10 ಅಡಿ, ನಡುವಣ ಗೋಡೆ ನಾಲ್ಕೂವರೆ ಅಂಗುಲ, ಹಜಾರ 12 ಅಡಿ ಒಂದೂವರೆ ಅಂಗುಲ, ಬಲಗೋಡೆ 9 ಅಂಗುಲ. ಕೂಡಿದರೆ ಸರಿಯಾಗಿ 24 ಅಡಿ. ಕೂಡಿದಾಗ ಹೀಗೆ ಬರದಿದ್ದರೆ ನಕ್ಷೆಯಲ್ಲಿ ತಪ್ಪಿದೆ ಎಂದೇ ಅರ್ಥ. ಮೇಸ್ತ್ರಿ ಆ ತಪ್ಪನ್ನು ಯಾವುದೋ ಒಂದು ಕೋಣೆಯಿಂದ ಕಳೆದು ಸರಿಮಾಡುತ್ತಾನೆ. ಯಾವ ಕೋಣೆ ಎಂಬುದು ಅವನ ಇಷ್ಟ. ಇನ್ನೊಂದು ಮಾತು. ಕೋಣೆಯ ಅಳತೆಯನ್ನು ಸಾಮಾನ್ಯವಾಗಿ ಇಟ್ಟಿಗೆಯಿಂದ ಇಟ್ಟಿಗೆಗೆ ಕೊಟ್ಟಿರುತ್ತಾರೆ. ಎರಡು ಕಡೆಯ ಗಾರೆ ಸೇರಿ ಒಂದು ಅಂಗುಲವಾದರೂ ಕಡಿಮೆಯಾಗುತ್ತದೆ. ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರಬೇಕಾದ ಬೀರು ಮಾಡಿಸುವವರು ಇದನ್ನು ಗಮನಿಸಬೇಕು.

ಮಂಚದ ಆಕಾರದ ಕಾಗದದ ಚೂರನ್ನು ಕತ್ತರಿಸಿ ನಕ್ಷೆಯ ಮೇಲಿಟ್ಟು ನೋಡುವುದು ಒಳ್ಳೆಯ ಉಪಾಯ. 1:50ರ ಹಾಳೆಯಲ್ಲಿ 1.9 ಮೀಟರು ಉದ್ದ, 1.5 ಮೀಟರು ಅಗಲದ ಮಂಚ 3.8 ಸೆಂಟಿಮೀಟರು ಉದ್ದ, 3 ಸೆಂಟಿಮೀಟರು ಅಗಲದ ಚೂರಾಗುತ್ತದೆ. ಬಾಗಿಲು ತೆರೆದರೆ ಮಂಚಕ್ಕೆ ಬಡಿಯುತ್ತದೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಈ ಕೆಲಸವನ್ನು ಯಜಮಾನರೊಬ್ಬರೇ ಮಾಡಬಾರದು. ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಅಡುಗೆಯ ಕಟ್ಟೆಯ ಜಾಗವನ್ನು ಗೊತ್ತುಮಾಡುವುದು ನಮ್ಮ ಮನೆಗಳಲ್ಲಿ ಇನ್ನೂ ನಡೆದೇ ಇದೆ.

ಸೆಕ್ಷನ್ ಚಿತ್ರವನ್ನು ಬಹುಮಂದಿ ನೋಡುವುದೇ ಇಲ್ಲ. ಆದರೆ ಎತ್ತರದ ಗುಟ್ಟೆಲ್ಲ ಇರುವುದು ಅದರಲ್ಲಿಯೇ. ಪ್ಲಾನಿನ ಮೇಲೆ ಎರಡು ಕೊನೆಗಳಲ್ಲಿ ‘ಎ’ ಎಂಬ ಅಕ್ಷರ, ಬಾಣದ ಗುರುತು ಹಾಕಿ ಒಂದು ಗೆರೆ ಎಳೆದಿರುತ್ತಾರೆ. ಮನೆಯನ್ನು ಅಲ್ಲಿ ಮೇಲಿನಿಂದ ಕೆಳಕ್ಕೆ ಸೀಳಿ, ಬಾಣದ ದಿಕ್ಕಿಗೆ ನೋಡಿದ ನೋಟ ಇದು. ಅಡಿಪಾಯದ ಆಳ, ರಸ್ತೆಗಿಂತ ಮನೆಯ ನೆಲ ಎಷ್ಟು ಮೇಲಿದೆ ಎಂಬುದು, ಬಾಗಿಲಿನ ಮೇಲಣ ಲಿಂಟೆಲ್, ತಾರಸಿಯ ದಪ್ಪ, ಎಲ್ಲ ಇಲ್ಲಿ ಕಾಣುತ್ತವೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತ ಹೋಗುವ ಬೀದಿಗಳಲ್ಲಿ ನೆಲದ ಮಟ್ಟವನ್ನು ಕೇಳಿ ತಿಳಿಯದಿದ್ದರೆ ಮುಂದೊಂದು ದಿನ ಮಳೆಯ ನೀರು ಹೊಸಿಲು ದಾಟುತ್ತದೆ.

ಮೆಟ್ಟಿಲಿನ ಲೆಕ್ಕವಂತೂ ಸೆಕ್ಷನ್ ಇಲ್ಲದೆ ಆಗದು. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 6 ಅಂಗುಲ, ಅಂದರೆ 126 ಅಂಗುಲ. ಒಂದೊಂದು ಏರು 7 ಅಂಗುಲವಾದರೆ 18 ಏರುಗಳು. ನಡುವೆ ತಿರುವಿನ ಕಟ್ಟೆಯಿಟ್ಟು ಎರಡು ಸಾಲು ಮಾಡಿದರೆ ಸಾಲಿಗೆ ಒಂಬತ್ತು ಏರು, ಎಂಟು ತುಳಿಮೆಟ್ಟಿಲು; ಒಂಬತ್ತನೆಯದು ಕಟ್ಟೆಯೇ. ಪ್ಲಾನಿನಲ್ಲಿ ಸಾಲಿಗೆ ಏಳೇ ತುಳಿಮೆಟ್ಟಿಲು ಬರೆದಿದ್ದರೆ ಒಟ್ಟು ಹದಿನಾರು ಏರಾಗಿ ಪ್ರತಿಯೊಂದೂ ಹೆಚ್ಚುಕಡಿಮೆ 8 ಅಂಗುಲ ಎತ್ತರವಾಗುತ್ತದೆ. ಹುಡುಗರು ಹಾರಿ ಹೋಗುತ್ತಾರೆ, ಮಂಡಿನೋವಿನ ಅಜ್ಜಿ ಮೇಲಕ್ಕೆ ಹೋಗುವುದನ್ನೇ ಬಿಡುತ್ತಾರೆ. ತಿರುವಿನ ಕಟ್ಟೆಯ ಕೆಳಗೆ ಚಿಕ್ಕ ಬಚ್ಚಲನ್ನೋ ಕಕ್ಕಸನ್ನೋ ಬರೆಯುವ ರೂಢಿಯೂ ಇದೆ. ಪ್ಲಾನಿನಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಕಟ್ಟೆ ಇರುವುದು ಅರ್ಧ ಎತ್ತರದಲ್ಲಿ, 5 ಅಡಿ 3 ಅಂಗುಲದಲ್ಲಿ. ಕಾಂಕ್ರೀಟಿನ ದಪ್ಪ 5 ಅಂಗುಲ ಕಳೆದರೆ ಉಳಿಯುವುದು 4 ಅಡಿ 10 ಅಂಗುಲ. ಅಲ್ಲಿ ನೆಲವನ್ನು ತಗ್ಗಿಸುತ್ತೀರಾ ಎಂದು ಕೇಳಬೇಕು; ತಗ್ಗಿಸಿದರೆ ನೀರು ಹೊರಗೆ ಹರಿಯುವುದೆಲ್ಲಿಗೆ ಎಂದೂ ಕೇಳಬೇಕು.

ಎಲಿವೇಷನ್ ಎಂಬುದು ಮನೆಯ ಮುಖ. ಬಣ್ಣಬಣ್ಣದ ಚಿತ್ರವಾಗಿ ಬರುವುದರಿಂದ ಎಲ್ಲರ ಕಣ್ಣೂ ಅದರ ಮೇಲೆ. ನೋಡಿ ಸಂತೋಷಪಡಲಿ, ಚರ್ಚೆಯ ಹೊತ್ತನ್ನೆಲ್ಲ ಅದಕ್ಕೇ ಸುರಿಯುವುದು ನನಗೆ ಸರಿಕಾಣದು.

ನಿವೇಶನದ ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣ, ರಸ್ತೆಯ ಅಗಲ, ಸುತ್ತ ಬಿಡಬೇಕಾದ ತೆರವು, ನೀರಿನ ಸಂಪು, ಚರಂಡಿ ಇರುತ್ತವೆ. ಮಂಜೂರಾತಿಗೆ ಕೊಡುವ ಪ್ರತಿಗಳಲ್ಲಿ ಹೊಸದಾಗಿ ಕಟ್ಟುವುದಕ್ಕೆ ಕೆಂಪು, ಕೆಡವುವುದಕ್ಕೆ ಹಳದಿ ಬಣ್ಣ ಹಾಕುವುದು ವಾಡಿಕೆ. ಮಂಜೂರಾದ ನಕ್ಷೆ ಬೇರೆ, ಮೇಸ್ತ್ರಿಗೆ ಕೊಡುವ ಕೆಲಸದ ನಕ್ಷೆ ಬೇರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಹೊರಗೋಡೆ ಒಂದರಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ ಇದ್ದರೆ ನಾಳೆ ಉತ್ತರ ಹೇಳಬೇಕಾದವರು ಮನೆಯ ಯಜಮಾನರು. ನೆಲದ ಮೇಲೆ ಸುಣ್ಣದ ಗೆರೆ ಹಾಕುವ ದಿನ ಟೇಪು ಹಿಡಿದು ನೀವೂ ಹೋಗಿ. ಮೂರು, ನಾಲ್ಕು, ಐದು ಅಡಿಯ ತ್ರಿಕೋನವಿಟ್ಟು ಮೂಲೆ ನೇರವಾಗಿದೆಯೆ ಎಂದು ಮೇಸ್ತ್ರಿ ನೋಡುತ್ತಾನಲ್ಲವೆ? ಮೂವತ್ತು–ನಲವತ್ತರ ನಿವೇಶನ ಅದೇ ತ್ರಿಕೋನದ ಹತ್ತರಷ್ಟು. ಮೂಲೆಯಿಂದ ಮೂಲೆಗೆ ಎರಡು ಕಡೆಯೂ ಸರಿಯಾಗಿ 50 ಅಡಿ ಬರಬೇಕು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬಂದರೆ ನಿವೇಶನ ಸೊಟ್ಟಗಿದೆ. ಕೋಣೆಗಳನ್ನು ನೇರ ಮಾಡುವ ಉಪಾಯವನ್ನು ಗೋಡೆ ಏಳುವ ಮುನ್ನವೇ ಯೋಚಿಸಬೇಕು.

ಕಬ್ಬಿಣದ ಕಂಬಿಗಳನ್ನು ತೋರಿಸುವ ನಕ್ಷೆ ಪರಿಣತರ ಹೊಣೆ. ಅದನ್ನು ತಿದ್ದಲು ನಾವು ಹೋಗಬಾರದು. ಆದರೂ ‘10 @ 150’ ಎಂದರೆ 10 ಮಿಲಿಮೀಟರಿನ ಕಂಬಿಯನ್ನು 150 ಮಿಲಿಮೀಟರಿಗೆ, ಅಂದರೆ ಸುಮಾರು ಅರ್ಧ ಅಡಿಗೊಂದರಂತೆ ಇಡಬೇಕೆಂದು ಅರ್ಥ. ಎಣಿಸಿ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ಸಂಗತಿಯನ್ನಂತೂ ಕಣ್ಣಾರೆ ನೋಡಬೇಕು. ಎರಡು ಕಡೆ ಗೋಡೆಯ ಆಧಾರವಿರುವ ಚಪ್ಪಡಿ ಭಾರಕ್ಕೆ ನಡುವೆ ಕೆಳಕ್ಕೆ ಬಾಗುತ್ತದೆ. ಆದ್ದರಿಂದ ಅಲ್ಲಿ ಮುಖ್ಯ ಕಂಬಿ ಕೆಳಗಡೆ. ಗೋಡೆಯಿಂದ ಹೊರಕ್ಕೆ ಚಾಚಿದ ಸಜ್ಜ, ಬಾಲ್ಕನಿಗಳು ತುದಿಯಲ್ಲಿ ಬಾಗುವುದರಿಂದ ಅವುಗಳ ಎಳೆತ ಬೀಳುವುದು ಮೇಲಿನ ಭಾಗಕ್ಕೆ. ಅಲ್ಲಿ ಕಂಬಿ ಮೇಲ್ಗಡೆ ಇರಲೇಬೇಕು. ನಕ್ಷೆಯಲ್ಲಿ ಮೇಲೆ ಬರೆದಿದ್ದರೂ ಕಾಂಕ್ರೀಟು ಹಾಕುವಾಗ ಆಳುಗಳು ತುಳಿದು ಕೆಳಕ್ಕೆ ಒತ್ತಿಬಿಡುವುದುಂಟು. ಹಾಗಾದ ಬಾಲ್ಕನಿ ಆಸರೆಯ ಗೂಟಗಳನ್ನು ತೆಗೆದ ದಿನವೇ ಬೀಳಬಹುದು, ಮಂದಿ ನಿಂತಾಗಲೂ ಬೀಳಬಹುದು. ಕಂಬಿಯ ಕೆಳಗೆ ಆಸರೆ ಕೊಟ್ಟಿದ್ದಾರೆಯೆ ಎಂದು ಕಾಂಕ್ರೀಟು ಬೀಳುವ ಮೊದಲೇ ಎಂಜಿನಿಯರನ್ನು ಕರೆಸಿ ತೋರಿಸಿಕೊಳ್ಳಬೇಕು.

ಹಾಳೆಯ ಕೆಳಗಡೆ ಬಲಮೂಲೆಯ ಚೌಕದಲ್ಲಿ ತಾರೀಖು, ತಿದ್ದುಪಡಿಯ ಸಂಖ್ಯೆ ಇರುತ್ತವೆ. ಹೊಸ ಪ್ರತಿ ಬಂದ ಕೂಡಲೇ ಹಳೆಯದನ್ನು ಮೇಸ್ತ್ರಿಯಿಂದ ಹಿಂದಕ್ಕೆ ಪಡೆಯಬೇಕು, ಇಲ್ಲವಾದರೆ ಯಾವುದು ಕೈಗೆ ಸಿಕ್ಕಿತೋ ಅದರಂತೆ ಕೆಲಸ ನಡೆಯುತ್ತದೆ. ಮನೆ ಮುಗಿಯುವ ಹೊತ್ತಿಗೆ, ಗೋಡೆಗೆ ಗಾರೆ ಬಳಿಯುವ ಮುನ್ನ, ನೀರಿನ ಕೊಳವೆ ಮತ್ತು ವಿದ್ಯುತ್ ತಂತಿ ನಿಜವಾಗಿ ಎಲ್ಲೆಲ್ಲಿ ಹಾದಿವೆ ಎಂಬುದನ್ನು ಒಂದು ಪ್ರತಿಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿ, ಕ್ರಯಪತ್ರದೊಡನೆ ಪೆಟ್ಟಿಗೆಯಲ್ಲಿಡಿ. ಹತ್ತು ವರ್ಷದ ಮೇಲೆ ಗೋಡೆಗೆ ಮೊಳೆ ಹೊಡೆಯುವವರಿಗೆ, ಸೋರುವ ಕೊಳವೆಯನ್ನು ಹುಡುಕುವವರಿಗೆ ಆ ಹಾಳೆ ಬೇಕಾಗುತ್ತದೆ.