ಕಂಪನಿಗಳು ಒಂದಾದಾಗ ಡೆಲಿವರಿಯವರ ಪಾಡೇನು?

2020ರ ಜನವರಿ 21ರಂದು ಊಬರ್ ಕಂಪನಿಯು ಭಾರತದಲ್ಲಿನ ತನ್ನ ಊಟ ತಲುಪಿಸುವ ವ್ಯವಹಾರವನ್ನು ಝೊಮಾಟೊಗೆ ಮಾರಿತು. ಊಬರ್ ಈಟ್ಸ್ ಹೆಸರಿನಲ್ಲಿ 2017ರ ಮೇ ತಿಂಗಳಲ್ಲಿ ಮುಂಬೈಯಿಂದ ಶುರುವಾಗಿದ್ದ ಸೇವೆ ಅದು. ಕೈಗೆ ಕಾಸು ಬರಲಿಲ್ಲ. ಬದಲಿಗೆ ಝೊಮಾಟೊದ ಶೇ. 9.99 ಷೇರು ಊಬರ್ ಪಾಲಾಯಿತು. ಅಂದೇ ಆ ಆ್ಯಪ್ ನಿಂತಿತು. ಗಿರಾಕಿಗಳು, ಹೋಟೆಲುಗಳು, ಡೆಲಿವರಿ ಪಾರ್ಟ್‌ನರ್‌ಗಳು, ಈ ಮೂವರನ್ನೂ ಝೊಮಾಟೊ ಆ್ಯಪ್ ಕಡೆಗೆ ತಿರುಗಿಸಲಾಗುವುದು ಎಂದು ಪ್ರಕಟಣೆ ಹೇಳಿತು. ಕಚೇರಿಯಲ್ಲಿ ಸಂಬಳಕ್ಕಿದ್ದವರನ್ನು ಮಾತ್ರ ಝೊಮಾಟೊ ತೆಗೆದುಕೊಳ್ಳಲಿಲ್ಲ. ಅವರಿಗೆ ಊಬರ್‌ನಲ್ಲೇ ಬೇರೆ ಜಾಗ ಸಿಗಬೇಕು, ಇಲ್ಲವೇ ಕೆಲಸ ಬಿಡಬೇಕು.

ಮೇಲುನೋಟಕ್ಕೆ ಬೈಕಿನವರೇ ಪುಣ್ಯವಂತರು ಅನ್ನಿಸುತ್ತದೆ. ಕಚೇರಿಯವರ ಕೆಲಸ ಹೋಯಿತು, ಇವರದು ಉಳಿಯಿತು. ಆದರೆ ಇವರು ಯಾರ ಸಾಲಿನಲ್ಲಿ ನಿಂತಿದ್ದಾರೆ ನೋಡಿ: ಗಿರಾಕಿ ಮತ್ತು ಹೋಟೆಲಿನ ಸಾಲಿನಲ್ಲಿ. ಕಂಪನಿಯ ಕಣ್ಣಿನಲ್ಲಿ ಅವರು ಆ್ಯಪ್ ಬಳಸುವ ಮೂರನೇ ಬಗೆಯ ಬಳಕೆದಾರರು. ಬಳಕೆದಾರರನ್ನು ತಿರುಗಿಸಬಹುದು, ನೌಕರರನ್ನಾದರೆ ಕೇಳಬೇಕಾಗುತ್ತದೆ, ನೋಟಿಸ್ ಕೊಡಬೇಕಾಗುತ್ತದೆ, ಲೆಕ್ಕ ಚುಕ್ತಾ ಮಾಡಬೇಕಾಗುತ್ತದೆ. ಈ ಅಧ್ಯಾಯದ ವಿಷಯ ಈ ವ್ಯತ್ಯಾಸವೇ.

ವಿಲೀನದ ಸುದ್ದಿ ಬಂದ ದಿನ ಹೋಟೆಲ್ ಮುಂದೆ ಆರ್ಡರ್‌ಗೆ ಕಾಯುವವರ ನಡುವೆ ಏಳುವ ಪ್ರಶ್ನೆಗಳು ಸಣ್ಣವು, ಖಚಿತವಾದವು. ಐಡಿ ಅದೇ ಇರುತ್ತಾ ಅಥವಾ ಹೊಸದಾಗಿ ಅರ್ಜಿ ಹಾಕಬೇಕಾ? ರೇಟ್ ಕಾರ್ಡ್ ಹಳೇದೇನಾ? ಈ ವಾರದ ಪೇಔಟ್ ಯಾರು ಹಾಕ್ತಾರೆ ಅಣ್ಣಾ? ದುಡ್ಡು ಕೊಟ್ಟು ತಗೊಂಡ ಬ್ಯಾಗು, ಟೀ ಶರ್ಟು ಏನು ಮಾಡೋದು? ‘ಉದ್ಯೋಗ ಭದ್ರತೆ’ ಎಂಬ ದೊಡ್ಡ ಮಾತನ್ನು ಅಲ್ಲಿ ಯಾರೂ ಆಡುವುದಿಲ್ಲ. ಬೈಕಿನ ಕಂತು ಕಟ್ಟುವವನಿಗೆ ಭದ್ರತೆಯೆಂದರೆ ಮುಂದಿನ ವಾರವೂ ಲಾಗಿನ್ ಆಗುವುದು, ಬಂದ ಆರ್ಡರಿಗೆ ಇವತ್ತಿನಷ್ಟೇ ದುಡ್ಡು ಸಿಗುವುದು.

ಬಾರ್ಸಿ ರೈಲಿನ ತಕರಾರು

ಮಾಲೀಕ ಬದಲಾದರೆ ದುಡಿಯುವವನ ಗತಿಯೇನು ಎಂಬ ಪ್ರಶ್ನೆ ಆ್ಯಪ್‌ಗಳಿಗಿಂತ ಬಹಳ ಹಳೆಯದು. ಮೀರಜ್‌ನಿಂದ ಪಂಢರಪುರ, ಕುರ್ಡುವಾಡಿ ಮೇಲೆ ಲಾತೂರಿನವರೆಗೆ ಓಡುತ್ತಿದ್ದ ಬಾರ್ಸಿ ಲೈಟ್ ರೈಲ್ವೆ ಒಂದು ಖಾಸಗಿ ಕಂಪನಿಯದು. 1954ರ ಜನವರಿಯಲ್ಲಿ ಅದನ್ನು ಸರ್ಕಾರ ವಹಿಸಿಕೊಂಡಿತು. ಕಂಪನಿ ತನ್ನ ಕೆಲಸಗಾರರಿಗೆ ನೋಟಿಸ್ ಕೊಟ್ಟು ಲೆಕ್ಕ ಮುಗಿಸಿತು. ಹೆಚ್ಚಿನವರನ್ನು ಸರ್ಕಾರ ಮತ್ತೆ ನೇಮಿಸಿಕೊಂಡಿತಾದರೂ ಎಲ್ಲರಿಗೂ ಹಳೆಯ ಷರತ್ತುಗಳೇ ಸಿಗಲಿಲ್ಲ. ಇದು ಕೆಲಸದಿಂದ ತೆಗೆದಂತೆಯೇ ಆಯಿತು, ಪರಿಹಾರ ಕೊಡಿ ಎಂದು ಕೆಲಸಗಾರರು ಕೇಳಿದರು. 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಲಿಲ್ಲ. ನಡೆಯುತ್ತಿರುವ ಉದ್ಯಮದಲ್ಲಿ ಹೆಚ್ಚಾದ ಕೈಗಳನ್ನು ಕಡಿಮೆ ಮಾಡಿದರೆ ಮಾತ್ರ ಅದು ‘ರಿಟ್ರೆಂಚ್‌ಮೆಂಟ್’. ಉದ್ಯಮವೇ ಕೈ ಬದಲಾಯಿಸಿದರೆ ಅಲ್ಲ ಎಂದಿತು.

ಸರ್ಕಾರ ಸುಮ್ಮನೆ ಕೂರಲಿಲ್ಲ. 1957ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಗೆ ತಿದ್ದುಪಡಿ ಬಂದು 25ಎಫ್‌ಎಫ್ ಕಲಮು ಮುಂದೆ ಉಳಿದುಕೊಂಡ ರೂಪಕ್ಕೆ ಬಂತು. ಅದರ ತಿರುಳು ಹೀಗೆ: ಉದ್ಯಮದ ಒಡೆತನವೋ ಆಡಳಿತವೋ ಬೇರೆಯವರಿಗೆ ವರ್ಗವಾದರೆ, ವರ್ಷವಾದರೂ ಸತತವಾಗಿ ದುಡಿದ ಕೆಲಸಗಾರನಿಗೆ ತಿಂಗಳ ನೋಟಿಸ್ ಮತ್ತು ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ಇದರಿಂದ ತಪ್ಪಿಸಿಕೊಳ್ಳಬೇಕಾದರೆ ಹೊಸ ಮಾಲೀಕ ಮೂರು ಮಾತು ಉಳಿಸಿಕೊಳ್ಳಬೇಕು. ಸೇವೆ ತುಂಡಾಗಬಾರದು, ಷರತ್ತು ಮೊದಲಿಗಿಂತ ಕೆಳಗಿಳಿಯಬಾರದು, ಮುಂದೊಂದು ದಿನ ತೆಗೆಯುವಾಗ ಹಳೆಯ ವರ್ಷಗಳನ್ನೂ ಸೇರಿಸಿ ಲೆಕ್ಕ ಹಾಕಬೇಕು. 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಾದಾಗ ಹಳೆಯ ಕಾಯ್ದೆ ಹಿಂದೆ ಸರಿಯಿತು. ಈ ವಿಚಾರ ಮಾತ್ರ ಹೊಸ ಸಂಹಿತೆಯಲ್ಲೂ ಮುಂದುವರಿದಿದೆ.

ಇದು ಒಳ್ಳೆಯ ಕಲಮೇ. ಆದರೆ ಇದಕ್ಕೆ ಎರಡು ಬಾಗಿಲು, ಎರಡೂ ಡೆಲಿವರಿಯವರಿಗೆ ಮುಚ್ಚಿವೆ.

ಮೊದಲನೆಯದು, ನೀವು ಕಾನೂನಿನ ಅರ್ಥದಲ್ಲಿ ಕೆಲಸಗಾರರಾಗಿರಬೇಕು. ಆ್ಯಪ್ ಕಂಪನಿಗಳ ಕರಾರಿನಲ್ಲಿ ರೈಡರ್ ‘ಪಾರ್ಟ್‌ನರ್’, ಸ್ವತಂತ್ರವಾಗಿ ದುಡಿಯುವವನು. ಕೊರಿಯರ್ ಕಂಪನಿಗಳ ಹಬ್ಬುಗಳಲ್ಲಿ ಪಾರ್ಸೆಲ್ ವಿಂಗಡಿಸುವವರು, ಮನೆಮನೆಗೆ ಒಯ್ಯುವವರು ಅನೇಕ ಕಡೆ ವೆಂಡರ್ ಅಥವಾ ಗುತ್ತಿಗೆದಾರನ ಕೈಕೆಳಗಿನವರು. ಕಂಪನಿ ಮಾರಾಟವಾದರೂ ಅವರ ‘ಮಾಲೀಕ’ ಅದೇ ಗುತ್ತಿಗೆದಾರ. ಗುತ್ತಿಗೆ ರದ್ದಾದರೆ ಅವನ ಜೊತೆಗೇ ಇವರೂ ಹೊರಗೆ. ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಮಾತ್ರಕ್ಕೆ ಆ ಕೆಲಸಗಾರರು ತಾವಾಗಿಯೇ ಮೂಲ ಸಂಸ್ಥೆಯ ನೌಕರರಾಗುವುದಿಲ್ಲ ಎಂದು 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ.

ಎರಡನೆಯ ಬಾಗಿಲು ಇನ್ನೂ ಸೂಕ್ಷ್ಮ, ಸಂಬಳದ ನೌಕರರೂ ಇಲ್ಲಿ ಎಡವುತ್ತಾರೆ. ವ್ಯವಹಾರವನ್ನು ಕೊಳ್ಳುವುದು ಬೇರೆ, ಕಂಪನಿಯ ಷೇರು ಕೊಳ್ಳುವುದು ಬೇರೆ. ಊಬರ್ ಈಟ್ಸ್‌ನಲ್ಲಿ ಕೈ ಬದಲಾದದ್ದು ವ್ಯವಹಾರ. 2022ರ ಜೂನ್‌ನಲ್ಲಿ ಝೊಮಾಟೊ ದಿನಸಿ ತಲುಪಿಸುವ ಬ್ಲಿಂಕಿಟ್ ಅನ್ನು ಸುಮಾರು 4,447 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಿದಾಗಲೂ, 2025ರ ಏಪ್ರಿಲ್‌ನಲ್ಲಿ ಡೆಲ್ಲಿವರಿ ಎಂಬ ಕೊರಿಯರ್ ಕಂಪನಿ ತನ್ನ ಎದುರಾಳಿ ಈಕಾಮ್ ಎಕ್ಸ್‌ಪ್ರೆಸ್ ಅನ್ನು ಸುಮಾರು 1,407 ಕೋಟಿಗೆ ಕೊಳ್ಳುವುದಾಗಿ ಘೋಷಿಸಿದಾಗಲೂ ಕೈ ಬದಲಾದದ್ದು ಷೇರುಗಳು. ಹೀಗಾದಾಗ ಕಾಗದದ ಮೇಲಿನ ಮಾಲೀಕ ಕಂಪನಿ ಹಾಗೇ ಉಳಿಯುತ್ತದೆ, ಅದರ ಹಿಂದಿನ ಧಣಿ ಮಾತ್ರ ಬೇರೆ. ಆದ್ದರಿಂದ ‘ವರ್ಗಾವಣೆ’ಯೇ ಆಗಿಲ್ಲ ಎಂಬ ವಾದಕ್ಕೆ ದಾರಿಯಾಗುತ್ತದೆ. ಒಂದೇ ಪಿನ್‌ಕೋಡಿನಲ್ಲಿ ಎರಡೂ ಕಂಪನಿಗಳ ಡೆಲಿವರಿ ಸೆಂಟರ್ ಇದ್ದರೆ ಒಂದು ಮುಚ್ಚುವುದು ಲೆಕ್ಕದ ಪುಸ್ತಕಕ್ಕೆ ಸಹಜ; ವಿಲೀನದ ಉಳಿತಾಯ ಬರುವುದೇ ಅಲ್ಲಿಂದ. ಆ ಉಳಿತಾಯದ ಇನ್ನೊಂದು ಹೆಸರು ಪಕ್ಕದ ಬೀದಿಯ ಸೆಂಟರಿನಲ್ಲಿ ಬೆಳಿಗ್ಗೆ ಪಾರ್ಸೆಲ್ ಎಣಿಸಿಕೊಳ್ಳುತ್ತಿದ್ದವರ ಕೂಲಿ.

ಕೊಳ್ಳುವವನೊಬ್ಬನೇ ಉಳಿದಾಗ

ಕೆಲಸ ಹೋಗುವ ಭಯವನ್ನೇ ನಾವು ಹೆಚ್ಚು ಮಾತಾಡುತ್ತೇವೆ. ರೈಡರ್‌ಗಳ ಮಟ್ಟಿಗೆ ಅದಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ ಎಂಬುದು ನನ್ನ ಅಭಿಪ್ರಾಯ: ಇನ್ನೊಂದು ಆ್ಯಪ್ ಇಲ್ಲವಾಗುವುದು.

ಬೆಂಗಳೂರಿನಲ್ಲಿ ಅನುಭವವಿರುವ ರೈಡರ್ ಒಂದೇ ಆ್ಯಪನ್ನು ನಂಬಿ ಕೂರುವುದಿಲ್ಲ. ಎರಡು ಐಡಿ ಇಟ್ಟುಕೊಂಡಿರುತ್ತಾನೆ. ಮಳೆ ಬಂದಾಗ ಯಾರು ಹೆಚ್ಚು ಕೊಡುತ್ತಾರೋ ಅಲ್ಲಿ ಲಾಗಿನ್. ಒಂದರಲ್ಲಿ ಐಡಿ ಬ್ಲಾಕ್ ಆದರೆ ಇನ್ನೊಂದರಲ್ಲಿ ದುಡಿಮೆ. ಸಂಘವಿಲ್ಲದವನ ಚೌಕಾಸಿ ಎಂದರೆ ಇಷ್ಟೇ. ಆ ಆಯ್ಕೆಗಳು ಒಂದೊಂದಾಗಿ ಹೋದದ್ದನ್ನು ಈ ಊರು ಕಂಡಿದೆ. 2017ರ ಕೊನೆಯಲ್ಲಿ ಓಲಾ ಕೊಂಡ ಫುಡ್‌ಪಾಂಡ 2019ರ ಹೊತ್ತಿಗೆ ಹೊರಗಿನ ಹೋಟೆಲುಗಳ ಊಟ ಒಯ್ಯುವುದನ್ನು ನಿಲ್ಲಿಸಿತು. 2020ರಲ್ಲಿ ಊಬರ್ ಈಟ್ಸ್ ಹೋಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಶುರುವಾದ ಅಮೆಜಾನ್ ಫುಡ್ 2022ರ ಡಿಸೆಂಬರಿಗೆ ಮುಗಿಯಿತು. ವಾಟ್ಸ್‌ಆ್ಯಪ್ ಗುಂಪಾಗಿ ಇಲ್ಲೇ ಹುಟ್ಟಿ ‘ಡಂಝೋ ಮಾಡು’ ಎಂಬಷ್ಟು ಮಾತಿನಲ್ಲಿ ಬೆರೆತಿದ್ದ ಡಂಝೋ 2025ರ ಜನವರಿಯಲ್ಲಿ ಆರಿತು. ಇವೆಲ್ಲ ವಿಲೀನಗಳಲ್ಲ, ಕೆಲವು ಬರಿಯ ಮುಚ್ಚುಗಡೆ. ರೈಡರ್‌ನ ಫೋನಿನಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಹೊಸಬರು ಬರುವುದೂ ಉಂಟು, ಆದರೆ ಊಟದ ವಿಷಯದಲ್ಲಿ ಬಹುಕಾಲ ಎರಡೇ ಹೆಸರು ಉಳಿದವು.

ಕೊಳ್ಳುವವರು ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ. ಹರಾಜು ಕೂಗುವ ರೀಲರ್‌ಗಳು ಹತ್ತು ಜನರಿದ್ದರೆ ಗೂಡಿಗೆ ಬೆಲೆ. ಅವರೆಲ್ಲ ಒಂದಾಗಿ ಒಬ್ಬನೇ ಕೂಗಿದರೆ ಅವನು ಹೇಳಿದ್ದೇ ಬೆಲೆ. ಗೂಡನ್ನು ಮನೆಗೆ ಹೊತ್ತುಕೊಂಡು ಹೋಗುವಂತಿಲ್ಲ, ಪತಂಗ ತೂತು ಮಾಡಿಕೊಂಡು ಹೊರಬರುತ್ತದೆ. ದುಡಿಮೆಯೂ ಕೂಡಿಡಲಾಗದ ಸರಕೇ. ಇಂದು ಓಡಿಸದ ಗಾಡಿಯ ಕೂಲಿ ನಾಳೆ ಸಿಗದು. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ಪುಸ್ತಕ ಬರೆದು, ದುಡಿಮೆಯನ್ನು ಕೊಳ್ಳುವವರು ಕಡಿಮೆಯಾದಂತೆ ಕೂಲಿ ಹೇಗೆ ಕೆಳಗಿಳಿಯುತ್ತದೆ ಎಂಬುದನ್ನು ವಿವರಿಸಿದ್ದರು.

ಬ್ಲಿಂಕಿಟ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ಆದದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕೊಳ್ಳುವಿಕೆ ಮುಗಿದು ವರ್ಷವೂ ತುಂಬಿರಲಿಲ್ಲ. ಒಂದು ಡೆಲಿವರಿಗಿದ್ದ 25 ರೂಪಾಯಿಯ ಮೂಲ ದರ 15ಕ್ಕೆ ಇಳಿದು, ಉಳಿದದ್ದು ದೂರದ ಮೇಲೆ ಎಂದಾಯಿತು. ದೆಹಲಿ ಸುತ್ತಮುತ್ತ ರೈಡರ್‌ಗಳು ಕೆಲಸ ನಿಲ್ಲಿಸಿದರು, ಅನೇಕ ಸ್ಟೋರುಗಳು ದಿನಗಟ್ಟಲೆ ಬಾಗಿಲು ಹಾಕಿದವು. ದರ ಇಳಿದದ್ದು ಮಾಲೀಕ ಬದಲಾದದ್ದರಿಂದಲೇ ಎಂದು ಸಾಧಿಸಲಾಗದು. ಇಂಥ ಕಂಪನಿಗಳು ವಿಲೀನವಿಲ್ಲದೆಯೂ ದರ ಇಳಿಸುತ್ತವೆ. ಆದರೆ ನಷ್ಟದಲ್ಲಿದ್ದ ಕಂಪನಿಯನ್ನು ಸಾವಿರಾರು ಕೋಟಿ ಸುರಿದು ಕೊಂಡವರಿಗೆ ಖರ್ಚು ಇಳಿಸುವ ಅವಸರ ಇರುತ್ತದೆ. ಬಿಡಿ ಡೆಲಿವರಿಯ ಕೂಲಿಗಿಂತ ಸುಲಭವಾಗಿ ಕೈಗೆ ಸಿಗುವ ಖರ್ಚು ಅಲ್ಲಿ ಯಾವುದಿದೆ?

ಕೊರಿಯಾದವರು ಕೇಳಿದ ಪ್ರಶ್ನೆ

ದೊಡ್ಡ ವಿಲೀನಗಳಿಗೆ ಒಪ್ಪಿಗೆ ಕೊಡುವುದು ನಮ್ಮಲ್ಲಿ ಸ್ಪರ್ಧಾ ಆಯೋಗ. 2024ರ ಸೆಪ್ಟೆಂಬರಿನಿಂದ, ಭಾರತದಲ್ಲಿ ಗಣನೀಯ ವ್ಯವಹಾರವಿರುವ ಕಂಪನಿಯ ಕೊಳ್ಳುವಿಕೆ 2,000 ಕೋಟಿ ಮೀರಿದರೆ, ಅದರ ಆಸ್ತಿ, ವಹಿವಾಟು ಎಷ್ಟು ಸಣ್ಣದಿದ್ದರೂ ಆಯೋಗದ ಮುಂದೆ ಬರಬೇಕು. ಒಳ್ಳೆಯದೇ. ಆದರೆ ಅಲ್ಲಿ ಸಾಮಾನ್ಯವಾಗಿ ತೂಗುವುದು ಗಿರಾಕಿಗೆ ಬೆಲೆ ಏರುತ್ತದೆಯೇ, ಎದುರಾಳಿಗೆ ಜಾಗ ಉಳಿಯುತ್ತದೆಯೇ ಎಂಬುದನ್ನು. ಒಯ್ಯುವವನ ಕೂಲಿ ಆ ತಕ್ಕಡಿಗೆ ಬೀಳುವುದು ಅಪರೂಪ.

ಬೀಳಬಾರದೆಂದೇನಿಲ್ಲ. ದಕ್ಷಿಣ ಕೊರಿಯಾದಲ್ಲಿ ಯೋಗಿಯೋ ಎಂಬ ಆ್ಯಪಿನ ಒಡೆಯನಾದ ಜರ್ಮನಿಯ ಡೆಲಿವರಿ ಹೀರೊ, ಅಲ್ಲಿನ ಅತಿ ದೊಡ್ಡ ಆ್ಯಪ್ ‘ಬೇಮಿನ್’ ಅನ್ನೂ ಕೊಳ್ಳಹೊರಟಿತು. 2020ರ ಡಿಸೆಂಬರಿನಲ್ಲಿ ಅಲ್ಲಿನ ನ್ಯಾಯಯುತ ವ್ಯಾಪಾರ ಆಯೋಗ, ಬೇಮಿನ್ ಬೇಕಾದರೆ ಯೋಗಿಯೋವನ್ನು ಮಾರು ಎಂದಿತು. ಮಾರಾಟ ಮುಗಿಯುವವರೆಗೆ ಯೋಗಿಯೋ ರೈಡರ್‌ಗಳ ಕೆಲಸದ ಷರತ್ತುಗಳನ್ನು ಕೆಡಿಸಬಾರದು, ಅವರನ್ನು ಇನ್ನೊಂದು ಆ್ಯಪಿಗೆ ಸೆಳೆಯಬಾರದು, ಒತ್ತಾಯಿಸಬಾರದು ಎಂದೂ ಆದೇಶದಲ್ಲಿ ಬರೆಯಿತು. ಇಲ್ಲಿ ‘ತಿರುಗಿಸಲಾಗುವುದು’ ಎಂದು ಒಂದು ಸಾಲಿನಲ್ಲಿ ಮುಗಿದದ್ದನ್ನು ಅಲ್ಲಿ ಹೆಸರಿಟ್ಟು ತಡೆದಿದ್ದರು. ಅಮೆರಿಕದಲ್ಲೂ 2023ರ ಡಿಸೆಂಬರಿನ ವಿಲೀನ ಮಾರ್ಗಸೂಚಿಗಳು ದುಡಿಯುವವರ ಮೇಲಿನ ಪರಿಣಾಮವನ್ನು ತೂಗಲು ಹೇಳಿದವು.

ಕರ್ನಾಟಕದ ಕಾಯ್ದೆಯಲ್ಲಿರುವುದು

ವಿಲೀನವನ್ನು ಗುರಿಯಾಗಿಟ್ಟುಕೊಂಡು ಮಾಡಿದ್ದಲ್ಲವಾದರೂ ಈ ಕಷ್ಟಕ್ಕೆ ಸ್ವಲ್ಪ ಊರುಗೋಲಾಗುವ ಕಾನೂನು ನಮ್ಮ ರಾಜ್ಯದಲ್ಲಿ ಈಗ ಇದೆ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಅದು. ರಾಜಸ್ಥಾನ 2023ರಲ್ಲೇ ಇಂಥದ್ದನ್ನು ಮಾಡಿತ್ತು. ಪ್ರತಿ ವಹಿವಾಟಿನಲ್ಲಿ ರೈಡರ್‌ಗೆ ಸಲ್ಲುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು ಎಂಬುದೇ ಪತ್ರಿಕೆಗಳಲ್ಲಿ ಹೆಚ್ಚು ಸದ್ದು ಮಾಡಿತು. ನನ್ನ ಗಮನ ಸೆಳೆದದ್ದು ಬೇರೆ ಎರಡು ಅಂಶ.

ಒಂದು, ನೋಂದಾಯಿಸಿಕೊಂಡವರಿಗೆ ಎಲ್ಲ ಆ್ಯಪ್‌ಗಳಿಗೂ ಸಲ್ಲುವ ಒಂದೇ ಗುರುತಿನ ಸಂಖ್ಯೆ. ಕಂಪನಿ ಕೊಟ್ಟ ಐಡಿ ಕಂಪನಿಯ ಜೊತೆ ಸಾಯುತ್ತದೆ. ಈ ಕಾಯ್ದೆಯಡಿಯ ಕಲ್ಯಾಣ ಮಂಡಳಿ ಕೊಟ್ಟದ್ದು ಉಳಿಯುತ್ತದೆ. ಇನ್ನೊಂದು, ಕರಾರಿನ ಷರತ್ತು ಬದಲಿಸುವ ಮುನ್ನ 14 ದಿನ ಮೊದಲು ತಿಳಿಸಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣವನ್ನು ಬರೆದು ಕೊಟ್ಟು ಅಷ್ಟೇ ದಿನದ ನೋಟಿಸ್ ಕೊಡಬೇಕು. ಒಂದೇ ದಿನದಲ್ಲಿ ಆ್ಯಪ್ ಮಾಯವಾಗುವ ಪದ್ಧತಿಗೆ ಈ 14 ದಿನ ಕಡಿವಾಣವಾಗಬಲ್ಲದು, ಯಾರಾದರೂ ಇದನ್ನು ಹಿಡಿದು ದೂರು ಕೊಟ್ಟರೆ. ಕಾಯ್ದೆಯಲ್ಲಿ ಇಲ್ಲದ್ದೂ ಇದೆ. ಮೂರು ವರ್ಷ ಓಡಾಡಿ ಗಳಿಸಿದ ರೇಟಿಂಗ್ ಹೊಸ ಆ್ಯಪಿಗೆ ದಾಟುವುದಿಲ್ಲ. ಯುರೋಪಿಯನ್ ಒಕ್ಕೂಟ 2024ರಲ್ಲಿ ಒಪ್ಪಿದ ನಿರ್ದೇಶನದಲ್ಲಿ, ದುಡಿಯುವವರು ತಮ್ಮ ರೇಟಿಂಗ್ ಸೇರಿದಂತೆ ತಮ್ಮ ದಾಖಲೆಯನ್ನು ಜೊತೆಗೆ ಒಯ್ಯುವ ಹಕ್ಕಿನ ಪ್ರಸ್ತಾಪವಿದೆ. ನಮ್ಮಲ್ಲಿ ಅದಿನ್ನೂ ಸಂಘಗಳ ಬೇಡಿಕೆಯ ಪಟ್ಟಿಗೂ ಗಟ್ಟಿಯಾಗಿ ಸೇರಿದಂತಿಲ್ಲ.

ಹಾಗಾಗಿ ವಿಲೀನದ ಸುದ್ದಿ ಕಿವಿಗೆ ಬಿದ್ದೊಡನೆ ಮಾಡಬೇಕಾದ ಕೆಲಸ ಬಹಳ ಸಾದಾ. ಆ್ಯಪ್ ಮುಚ್ಚಿದ ದಿನ ಅದರೊಳಗಿನ ಹಿಸ್ಟರಿಯೂ ಮುಚ್ಚುತ್ತದೆ. ವಾರದ ಪೇಔಟ್, ಬಾಕಿ ಇನ್ಸೆಂಟಿವ್, ರೇಟಿಂಗ್, ಸೇರಿದ ದಿನಾಂಕ, ರೇಟ್ ಕಾರ್ಡ್ ಇವುಗಳ ಸ್ಕ್ರೀನ್‌ಶಾಟ್ ತೆಗೆದು ಬೇರೊಬ್ಬರ ಫೋನಿಗೂ ಕಳಿಸಿಡಬೇಕು. ಹಣ ಜಮೆಯಾದದ್ದನ್ನು ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಎಂಟ್ರಿ ಹಾಕಿಸಬೇಕು. ಇ-ಶ್ರಮ್ ಪೋರ್ಟಲ್‌ನಲ್ಲಿ ನೋಂದಣಿ ಆಗಿಲ್ಲದಿದ್ದರೆ ಮಾಡಿಸಬೇಕು. 2025ರ ಕೇಂದ್ರ ಬಜೆಟ್ ಘೋಷಿಸಿದ ಆಯುಷ್ಮಾನ್ ಆರೋಗ್ಯ ರಕ್ಷಣೆಗೆ ಗಿಗ್ ಕಾರ್ಮಿಕರು ಹೋಗುವುದು ಆ ದಾರಿಯಿಂದಲೇ. ಹೊಸ ಆ್ಯಪ್ ತೆರೆದಾಗ ‘ಒಪ್ಪಿದೆ’ ಎಂಬ ಗುಂಡಿ ಒತ್ತುವ ಮುನ್ನ ಆ ಕರಾರಿನ ಪ್ರತಿಯನ್ನೂ ಉಳಿಸಿಕೊಳ್ಳಬೇಕು. ಕನ್ನಡದಲ್ಲಿ ಬೇಕೆಂದು ಕೇಳಲೂಬಹುದು.