ರಾತ್ರಿ ವೋಲ್ಟೇಜಿಗೆ ತಕ್ಕ ಕಂಡೆನ್ಸರ್

‘ಹಾಡು ಹಚ್ಚೂಕಿಂತ ಮೊದಲ ಗುಂಯ್ ಅಂತೈತ್ರಿ.’ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಳೆ ಆಂಪ್ಲಿಫೈಯರ್ ಹೊತ್ತು ರಿಪೇರಿ ಅಂಗಡಿಗೆ ಬರುವ ಗಿರಾಕಿಯ ಮಾತು ಶುರುವಾಗುವುದೇ ಹೀಗೆ. ಮೆಕ್ಯಾನಿಕ್ ಮೊದಲು ವಾಲ್ಯೂಮ್ ಸೊನ್ನೆಗೆ ಇಳಿಸಿ ನೋಡುತ್ತಾನೆ. ಗುಂಯ್ ನಿಲ್ಲದಿದ್ದರೆ ಮುಚ್ಚಳ ಬಿಚ್ಚುವ ಮೊದಲೇ ಅರ್ಧ ತೀರ್ಪು ಆದಂತೆ: ಮೇನ್ ಫಿಲ್ಟರ್ ಹೋಗಿದೆ. ಹಳೆ ಮೆಕ್ಯಾನಿಕ್‌ಗಳು ಅದನ್ನು ಇನ್ನೂ ಕಂಡೆನ್ಸರ್ ಅಂತಲೇ ಕರೆಯುತ್ತಾರೆ, ಹೊಸ ಹುಡುಗರು ಕೆಪ್ಯಾಸಿಟರ್ ಅನ್ನುತ್ತಾರೆ. ಟ್ರಾನ್ಸ್‌ಫಾರ್ಮರಿನ ಪಕ್ಕ ಎದ್ದು ನಿಂತ ಎರಡು ದಪ್ಪ ಡಬ್ಬಿಗಳು ಅವು.

ಅವುಗಳ ಕೆಲಸ ದೊಡ್ಡದೇನಲ್ಲ, ಬಿಡುವಿಲ್ಲದ್ದು. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಡಯೋಡ್ ಬ್ರಿಜ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಗುಡ್ಡಗಳಾಗಿ ಬರುತ್ತದೆ. ಒಂದು ಗುಡ್ಡಕ್ಕೂ ಇನ್ನೊಂದಕ್ಕೂ ನಡುವಿನ ತಗ್ಗನ್ನು ತುಂಬುವುದು ಈ ಡಬ್ಬಿ. ಹತ್ತು ಸಾವಿರ ಮೈಕ್ರೋಫ್ಯಾರಡ್ ಇದ್ದು ಆಂಪ್ಲಿಫೈಯರ್ 2 ಆಂಪಿಯರ್ ಎಳೆದರೆ ಏರಿಳಿತ ಸುಮಾರು 2 ವೋಲ್ಟ್. ಒಳಗಿನ ದ್ರಾವಣ ಒಣಗಿ ಸಾಮರ್ಥ್ಯ ಅರ್ಧಕ್ಕೆ ಇಳಿದರೆ ಏರಿಳಿತ 4 ವೋಲ್ಟ್. ಸ್ಪೀಕರಿನಲ್ಲಿ ಕೇಳುವ ಗುಂಯ್ ಅದೇ.

ಇದೇ ಗೋಕಾಕ-ಮೂಡಲಗಿ ಕಡೆಯ ತುಕ್ಕಾನಟ್ಟಿ ಅಂದರೆ ಬೆಳಗಾವಿ ಜಿಲ್ಲೆಯ ರೈತರಿಗೆ ಮೊದಲು ನೆನಪಾಗುವುದು ಅಲ್ಲಿನ ಕೃಷಿ ವಿಜ್ಞಾನ ಕೇಂದ್ರ. ಕಬ್ಬಿನ ಸೀಮೆಯ ಊರು, ತೋಟದಲ್ಲೇ ಮನೆ ಕಟ್ಟಿಕೊಂಡವರು ಬಹಳ. ಈ ಸೀಮೆಗೂ ದೊಡ್ಡ ದನಿಗೂ ಹಳೆಯ ನಂಟು. ಜಾತ್ರೆಯ ಪಾರಿಜಾತ, ಡೊಳ್ಳಿನ ಪದ, ಅಮಾವಾಸ್ಯೆಯ ಭಜನೆ, ಕಬ್ಬಿನ ಟ್ರ್ಯಾಕ್ಟರಿನ ಟೇಪು. (ಟ್ರ್ಯಾಕ್ಟರಿನದು ಬ್ಯಾಟರಿ ಕರೆಂಟು, ಅದರ ರಿಪೇರಿಯೇ ಬೇರೆ. ಎದುರಿಗೆ ಬಂದವರ ಕಿವಿಯ ರಿಪೇರಿಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.) ಭೋಂಗಾ ಬಾಡಿಗೆ ಕೊಡುವ ಮೈಕ್‌ಸೆಟ್ಟಿನವರ ಹತ್ತಿರ ದಿಲ್ಲಿಯ ಆಹುಜಾ ಇರುತ್ತದೆ. 1940ರಿಂದ ಇರುವ ಕಂಪನಿ ಅದು. ಹಾಡು ಕೇಳುವ ಚಟದವರ ಕಪಾಟಿನಲ್ಲಿ ಫಿಲಿಪ್ಸ್, ಕಾಸ್ಮಿಕ್, ಅಪರೂಪಕ್ಕೆ 1970ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಸೊನೊಡೈನ್. ಔಟ್‌ಪುಟ್ಟಿಗೆ 2ಎನ್3055 ಟ್ರಾನ್ಸಿಸ್ಟರ್ ಕೂರಿಸಿ ಊರಲ್ಲೇ ಕಟ್ಟಿದ ಹೆಸರಿಲ್ಲದ ಪೆಟ್ಟಿಗೆಗಳೂ ಉಂಟು. ಹಿತ್ತಾಳಿ ಬಣ್ಣದ ಗುಬುಟಿಗಳು ಮಾಸಿದರೂ ಇವು ಇನ್ನೂ ಹಾಡುತ್ತವೆ. ಕೈಕೊಡುವುದು ಹೆಚ್ಚಾಗಿ ಕಂಡೆನ್ಸರ್.

ಹೊಸದು ಹಾಕಿಸುವವರು ಹೆಚ್ಚಿನಂಶ ಹಳೆ ಡಬ್ಬಿಯ ಮೇಲಿನ ಅಂಕಿ ಬರೆದುಕೊಂಡು ಅಂಗಡಿಗೆ ಹೋಗುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಅಂಗಡಿಗೆ ಹೋಗುವ ಮೊದಲು ರಾತ್ರಿ ಹನ್ನೊಂದರ ಮೇಲೆ ಗೋಡೆಯ ಪ್ಲಗ್ಗಿಗೆ ಮೀಟರ್ ಹಿಡಿಯಬೇಕು. ಪಂಪ್‌ಸೆಟ್‌ಗಳು ಓಡುವಾಗ ಲೈನಿನ ಕೊನೆಯ ತೋಟದ ಮನೆಗೆ 180 ವೋಲ್ಟ್ ಬಂದರೆ ಪುಣ್ಯ. ಮೋಟರುಗಳು ನಿಂತು ಊರು ಮಲಗಿದ ಮೇಲೆ ಅದೇ ಟಿಸಿ, ಅಂದರೆ ಲೈನಿನ ಟ್ರಾನ್ಸ್‌ಫಾರ್ಮರ್, 250 ದಾಟಿಸುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಫೀಡರ್ ಬೇರೆ ಮಾಡಿದ ಮೇಲೆ ಊರೊಳಗಿನ ಕರೆಂಟು ಸುಧಾರಿಸಿತು. ಆದರೆ ತೋಟದ ಮನೆಗಳಿಗೆ ಹಲವೆಡೆ ಪಂಪ್‌ಸೆಟ್ ಲೈನೇ ಗತಿ. ಭಜನೆಯಾಗಲಿ, ಊಟ ಮುಗಿಸಿ ಒಬ್ಬನೇ ಕೂತು ಕೇಳುವ ಭೀಮಸೇನ ಜೋಶಿಯಾಗಲಿ, ನಮ್ಮ ಕೇಳಾಟವೆಲ್ಲ ರಾತ್ರಿಯದೇ.

ಒಂದು ಲೆಕ್ಕ ಹಾಕಿ ನೋಡೋಣ. ಟ್ರಾನ್ಸ್‌ಫಾರ್ಮರ್ 30-0-30 ವೋಲ್ಟಿನದು. ಒಂದು ಬದಿಯ 30ನ್ನು 1.414ರಿಂದ ಗುಣಿಸಿ, ಡಯೋಡ್ ತಿನ್ನುವ ಸುಮಾರು ಒಂದು ವೋಲ್ಟ್ ಕಳೆದರೆ ಕಂಡೆನ್ಸರಿನ ಮೇಲೆ 41 ವೋಲ್ಟ್. ಕಂಪನಿಯವರು 50 ವೋಲ್ಟಿನದು ಹಾಕಿರುತ್ತಾರೆ, ಕಾಗದದ ಮೇಲೆ ಧಾರಾಳ. ಆದರೆ ಆ 30 ಪೂರ್ತಿ ಲೋಡು ಬಿದ್ದಾಗಿನ ಅಂಕಿ. ಹಾಡು ನಿಂತಾಗ ಟ್ರಾನ್ಸ್‌ಫಾರ್ಮರ್ ಹಗುರಾಗಿ 32 ಕೊಡುತ್ತದೆ, ಕಂಡೆನ್ಸರ್ 44ಕ್ಕೆ ಏರುತ್ತದೆ. ಗೋಡೆಯಲ್ಲಿ 230ರ ಬದಲು 260 ಇದ್ದರೆ ಅದು ಹೆಚ್ಚುಕಮ್ಮಿ 50. ಡಬ್ಬಿಯ ಮೇಲೆ ಬರೆದ ಮಿತಿಗೆ ಸರಿಯಾಗಿ ಬಂದು ನಿಂತಿತು, ಅದೂ ಯಾರೂ ಹಾಡು ಹಚ್ಚದೆ ಸುಮ್ಮನೆ ಆನ್ ಮಾಡಿ ಬಿಟ್ಟ ಹೊತ್ತಿನಲ್ಲಿ. ಹಾಗಾಗಿ ಇಲ್ಲಿ 50ರ ಜಾಗಕ್ಕೆ 63 ವೋಲ್ಟಿನದೇ ಬರಬೇಕು, 63ರ ಜಾಗಕ್ಕೆ 80. ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಸೆಟ್ಟಾದರೆ ಹಿಂಬದಿ ನೋಡಿ. 220 ಎಂದು ಬರೆದಿದ್ದರೆ ಈ ಲೆಕ್ಕ ಇನ್ನೂ ಬಿಗಿ. ವೋಲ್ಟೇಜ್ ಹೆಚ್ಚಿನದು ಹಾಕಿದರೆ ಡಬ್ಬಿ ಕೂರುವುದಿಲ್ಲ ಎಂಬ ಹೆದರಿಕೆಯೂ ಬೇಡ. ನಲವತ್ತು ವರ್ಷದ ಹಿಂದಿನ ಕಂಡೆನ್ಸರಿಗಿಂತ ಇಂದಿನದು ಬಹಳ ಚಿಕ್ಕದು. ಪಿನ್ನುಗಳ ನಡುವಿನ ಅಂತರ, ವ್ಯಾಸ, ಎತ್ತರ ಈ ಮೂರನ್ನು ಸ್ಕೇಲು ಹಿಡಿದು ಅಳೆದುಕೊಂಡು ಹೋದರೆ ಸಾಕು.

ಜನ ಹಟ ಹಿಡಿಯುವುದು ಮಾತ್ರ ಮೈಕ್ರೋಫ್ಯಾರಡ್ ಹೆಚ್ಚಿಸಲು. ‘ಹತ್ತು ಸಾವಿರದ್ದು ತಗದು ಮೂವತ್ತು ಸಾವಿರದ್ದು ಹಾಕ್ರಿ, ಬೇಸ್ ಬರ್ತೈತಿ.’ ಸ್ವಲ್ಪ ಹೆಚ್ಚಾದರೆ ತೊಂದರೆಯಿಲ್ಲ. ಮೂರು ಪಟ್ಟಾದರೆ ಆನ್ ಮಾಡಿದ ಕ್ಷಣ ಖಾಲಿ ಡಬ್ಬಿ ಎಳೆಯುವ ಕರೆಂಟಿಗೆ ಫ್ಯೂಜು ಹಾರುತ್ತದೆ, ಹಳೆ ಬ್ರಿಜ್ ಬಳಲುತ್ತದೆ. ಇನ್ನು ಸಂಜೆ 180 ವೋಲ್ಟಿನಲ್ಲಿ ದನಿ ಸಣ್ಣಗಾಗುವುದಕ್ಕೂ ಕಂಡೆನ್ಸರಿಗೂ ಸಂಬಂಧವೇ ಇಲ್ಲ. ವೋಲ್ಟೇಜು ಅಷ್ಟು ಕುಸಿದರೆ 50 ವ್ಯಾಟಿನ ಸೆಟ್ಟು ಕೊಡುವುದೇ 30 ವ್ಯಾಟ್ ಆಸುಪಾಸು. ಅದಕ್ಕೆ ಮದ್ದು ಸ್ಟೆಬಿಲೈಜರ್.

ತಾಪದ್ದು ಇನ್ನೊಂದು ಕಥೆ. ಡಬ್ಬಿಯ ಮೇಲೆ 85 ಡಿಗ್ರಿ ಅಥವಾ 105 ಡಿಗ್ರಿ ಎಂದಿರುತ್ತದೆ, ಕಂಪನಿಯ ಕಾಗದದಲ್ಲಿ ಅದರ ಆಯುಷ್ಯ 2,000 ತಾಸು, 3,000 ತಾಸು ಎಂದಿರುತ್ತದೆ. ಅದು ಅಷ್ಟೇ ಬಿಸಿಯಲ್ಲಿ ಬಾಳುವ ಲೆಕ್ಕ. ಬಿಸಿ 10 ಡಿಗ್ರಿ ಇಳಿದಂತೆ ಆಯುಷ್ಯ ಇಮ್ಮಡಿಯಾಗುತ್ತದೆ ಎಂಬುದು ಈ ಉದ್ಯಮದವರ ಅಂದಾಜು. ಪತ್ರಾಸಿನ ಮನೆಯಲ್ಲಿ, ಏಪ್ರಿಲ್ ತಿಂಗಳಲ್ಲಿ, ಹೀಟ್‌ಸಿಂಕಿನ ಮಗ್ಗುಲಲ್ಲಿ ಡಬ್ಬಿ 65 ಡಿಗ್ರಿಗೆ ಕಾದಿತು ಅನ್ನಿ. 2,000 ತಾಸಿನ 85ರದ್ದು 8,000 ತಾಸು ಬಾಳಿದರೆ 105ರದ್ದು 32,000. ಬೆಲೆಯ ವ್ಯತ್ಯಾಸ ಅಷ್ಟಿರುವುದಿಲ್ಲ.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್.ಪಿ. ರೋಡ್ ಇದೆ. ಈ ಕಡೆಯವರಿಗೆ ಪುಣೆಯ ಬುಧವಾರ ಪೇಟೆಯ ತಪಕೀರ್ ಗಲ್ಲಿ ಹತ್ತಿರ. ಮಾಡುವವರು ನಮ್ಮಲ್ಲೂ ಇದ್ದಾರೆ: ಕಣ್ಣೂರಿನಲ್ಲಿ ಕೆಲ್ಟ್ರಾನ್, ನಾಸಿಕದಲ್ಲಿ ಆಲ್ಕಾನ್. ಜಪಾನಿನ ನಿಚಿಕಾನ್, ರುಬಿಕಾನ್ ಹೆಸರು ದೊಡ್ಡದು, ಅದಕ್ಕೇ ನಕಲೂ ಹೆಚ್ಚು. ದೊಡ್ಡ ಡಬ್ಬಿಯೊಳಗೆ ಸಣ್ಣ ಕಂಡೆನ್ಸರ್ ಇಟ್ಟು ಮೇಲೆ ಹೊಸ ಪ್ಲಾಸ್ಟಿಕ್ ತೊಡಿಸಿ ಮಾರುವವರಿದ್ದಾರೆ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ತೂಕ ಇರುವುದಿಲ್ಲ.

ಸಂಶಯ ಬಂದರೆ ಪರೀಕ್ಷೆಗೆ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿ, ಒಂದು 10 ಕಿಲೋ ಓಮ್ ರೆಸಿಸ್ಟರ್, ಒಂದು ಮೀಟರ್, ಮೊಬೈಲಿನ ಗಡಿಯಾರ ಸಾಕು. ರೆಸಿಸ್ಟರ್ ಮೂಲಕ ಖಾಲಿ ಕಂಡೆನ್ಸರಿಗೆ ಬ್ಯಾಟರಿ ಜೋಡಿಸಿ, ಪ್ಲಸ್ಸಿಗೆ ಪ್ಲಸ್. ಮೀಟರಿನ ಅಂಕಿ ಮೆಲ್ಲಗೆ ಏರುತ್ತದೆ. ನಿಜವಾದ ಹತ್ತು ಸಾವಿರದ್ದಾದರೆ 7.6 ವೋಲ್ಟ್ ಮುಟ್ಟಲು ನೂರು ಸೆಕೆಂಡು ಬೇಕು. ಮೂವತ್ತು ಮೂವತ್ತೈದಕ್ಕೇ ಮುಟ್ಟಿದರೆ ಒಳಗಿರುವುದು ಮೂರು ಸಾವಿರ ಚಿಲ್ಲರೆ. ಎಷ್ಟು ಹೊತ್ತಾದರೂ ಹನ್ನೆರಡರ ಹತ್ತಿರ ಬರದಿದ್ದರೆ ಒಳಗೆ ಸೋರಿಕೆ ಇದೆ, ಅಂಗಡಿಯವನಿಗೇ ವಾಪಸು ಕೊಡಬೇಕು.

ಹಾಕುವಾಗ ಎರಡನ್ನೂ ಒಟ್ಟಿಗೆ ಬದಲಿಸುವುದು ಲೇಸು. ಹಳೆಯದರಲ್ಲಿ ಉಳಿದ ಕರೆಂಟನ್ನು ಸ್ಕ್ರೂಡ್ರೈವರ್ ತಾಗಿಸಿ ಚಟ್ ಎನಿಸುವ ಶೌರ್ಯ ಬೇಡ, 100 ಓಮಿನ 10 ವ್ಯಾಟ್ ರೆಸಿಸ್ಟರ್ ಕೆಲವು ಸೆಕೆಂಡು ಹಿಡಿದರೆ ಸಾಕು. ಡಬ್ಬಿಯ ಪಟ್ಟೆ ಇರುವ ಬದಿ ಮೈನಸ್. ಎಡವುವುದು ಮೈನಸ್ ಸಪ್ಲೈ ಕಡೆಯ ಡಬ್ಬಿಯಲ್ಲಿ. ಅಲ್ಲಿ ಪ್ಲಸ್ ಕಾಲು ಗ್ರೌಂಡಿಗೆ ಹೋಗುತ್ತದೆ. ತಿರುಗುಮುರುಗಾದರೆ ಡಬ್ಬಿ ಉಬ್ಬಿ ಸಿಡಿಯುತ್ತದೆ, ಕಣ್ಣು ಹತ್ತಿರ ಇರಬಾರದು. ಮೊದಲ ಸಲ ಕರೆಂಟು ಕೊಡುವುದು ಸೀರೀಸ್ ಬಲ್ಬಿನ ಮೂಲಕ. ಅದಕ್ಕೆ ಹಳದಿ ಬೆಳಕಿನ ಹಳೇ 60 ವ್ಯಾಟ್ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಈಗ ಅದು ಕಂಡೆನ್ಸರಿಗಿಂತ ಅಪರೂಪ. ಬಲ್ಬು ಒಮ್ಮೆ ಝಗ್ಗೆಂದು ಮಂಕಾದರೆ ಎಲ್ಲ ಸರಿ, ಹೊತ್ತಿಯೇ ಇದ್ದರೆ ಎಲ್ಲೋ ಶಾರ್ಟ್. ಬಲ್ಬು ತೆಗೆದು ನೇರ ಕರೆಂಟಿನಲ್ಲಿ ಸ್ಪೀಕರ್ ಟರ್ಮಿನಲ್ಲಿಗೆ ಮೀಟರ್ ಇಟ್ಟು ಡಿಸಿ ನೋಡಬೇಕು. ಕೆಲವೇ ಮಿಲಿವೋಲ್ಟ್ ಇದ್ದರೆ ಸ್ಪೀಕರ್ ಸಿಕ್ಕಿಸಬಹುದು. ವೋಲ್ಟುಗಟ್ಟಲೆ ತೋರಿಸಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟಿರಬಹುದು, ಅಲ್ಲಿಂದ ಮುಂದೆ ಬೇರೆ ರಿಪೇರಿ, ಬೇರೆ ರೇಟು.