ಗಾಳ ಪ್ರಯಾಣಿಕನದು, ಲೆಕ್ಕ ಯಾರದು?
ಬಾಡಿಗೆ ದೋಣಿ ಮತ್ತು ಮೀನು ಹಿಡಿಯುವ ಪರವಾನಗಿ

ರೋಣ ತಾಲೂಕಿನ ಅಸೂಟಿಯಿಂದ ಕಡಲು ಬಲು ದೂರ. ಎರೆಹೊಲದ ಈ ಸೀಮೆಯವರಿಗೆ ಮೀನೆಂದರೆ ಮಲಪ್ರಭೆಯ ಹೊಳೆಮೀನು, ಇಲ್ಲವೇ ಕೆರೆಗೆ ಮರಿ ಬಿಟ್ಟು ಬೆಳೆಸಿದ ಕಾಟ್ಲಾ, ರೋಹು. ಹಾಗಿದ್ದರೂ ಇಲ್ಲಿಯವರು ರಜೆಗೆಂದು ಕಾರವಾರಕ್ಕೋ ಮಲ್ಪೆಗೋ ಹೋಗಿ, ದುಡ್ಡು ಕೊಟ್ಟು ದೋಣಿ ಹತ್ತಿ, ಕೈಗೆ ಸಿಕ್ಕ ಗಾಳವನ್ನು ನೀರಿಗೆ ಇಳಿಬಿಟ್ಟರೆ ಒಂದು ಪ್ರಶ್ನೆ ಏಳುತ್ತದೆ: ಪರವಾನಗಿ ಯಾರ ಹತ್ತಿರ ಇರಬೇಕು? ದೋಣಿಯ ಮಾಲೀಕನ ಹತ್ತಿರವೋ, ಗಾಳ ಹಿಡಿದವನ ಹತ್ತಿರವೋ? ಪರವಾನಗಿ ಎಂದರೆ ಸರ್ಕಾರ ವಸೂಲು ಮಾಡುವ ಶುಲ್ಕ ಎಂದಷ್ಟೇ ತಿಳಿದವರಿಗೆ ಈ ಪ್ರಶ್ನೆ ಕ್ಷುಲ್ಲಕ. ಯಾರು ಕಟ್ಟಿದರೇನು, ಹಣ ಖಜಾನೆಗೆ ಬಂದರಾಯಿತು. ಆದರೆ ಮೀನಿನ ಪರವಾನಗಿಗೆ ಅದಕ್ಕಿಂತ ದೊಡ್ಡ ಕೆಲಸವಿದೆ. ನೀರಿನಿಂದ ಎಷ್ಟು ಮೀನು, ಯಾವ ಜಾತಿಯದು ಹೊರಬಂತು ಎಂಬ ಲೆಕ್ಕಕ್ಕೆ ಒಬ್ಬ ಹೊಣೆಗಾರನನ್ನು ಗೊತ್ತು ಮಾಡುವುದೇ ಆ ಕೆಲಸ. ಹಾಗೆ ನೋಡಿದರೆ ಬಾಡಿಗೆ ದೋಣಿಯ ಮಟ್ಟಿಗೆ ಪರವಾನಗಿ ದೋಣಿಗೇ ಇರುವುದು ಮೇಲು, ಆದರೆ ಅದರ ಜೊತೆಗೆ ಲೆಕ್ಕದ ಪುಸ್ತಕವೂ ಕಡ್ಡಾಯವಾಗಬೇಕು ಎಂಬುದು ಈ ಅಧ್ಯಾಯದ ವಾದ.

ಮೊದಲು ನಮ್ಮ ಕಾನೂನು ಏನನ್ನುತ್ತದೆ ನೋಡೋಣ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಗೆ ಸೇರಿದೆ. ಪ್ರಾದೇಶಿಕ ಕಡಲಿನ ಆಚೆಗಿನ ಮೀನುಗಾರಿಕೆ ಮಾತ್ರ ಕೇಂದ್ರಪಟ್ಟಿಯಲ್ಲಿದೆ. ಆದ್ದರಿಂದ ದಡದಿಂದ 12 ನಾಟಿಕಲ್ ಮೈಲಿಯವರೆಗೆ ನಡೆಯುವುದು ರಾಜ್ಯದ ಮಾತು. ಅದಕ್ಕೆಂದು ಇರುವುದು 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಈ ಕಾಯ್ದೆ ನೋಂದಣಿ ಮಾಡುವುದು, ಪರವಾನಗಿ ಕೊಡುವುದು ದೋಣಿಗೆ. ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ರಜೆ ಕೂಡ ಯಾಂತ್ರೀಕೃತ ದೋಣಿಗೇ ಅನ್ವಯಿಸುತ್ತದೆ. ಒಳನಾಡಿಗೆ 1996ರ ಇನ್ನೊಂದು ಕಾಯ್ದೆಯಿದೆ. ಅದರ ವ್ಯವಸ್ಥೆಯಲ್ಲಿ ಕೆರೆಯನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೆ ಐದು ವರ್ಷದ ಗುತ್ತಿಗೆಗೆ ಕೊಡುತ್ತಾರೆ, ಜಲಾಶಯಗಳಲ್ಲಿ ಬಲೆ ಬೀಸುವವರಿಗೆ ಪರವಾನಗಿ ಕೊಡುತ್ತಾರೆ. ಇವೆರಡಕ್ಕೂ ಹಿಂದಿನದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆ. ಸಿಡಿಮದ್ದು ಸಿಡಿಸಿ, ನೀರಿಗೆ ವಿಷ ಬೆರೆಸಿ ಮೀನು ಕೊಲ್ಲುವುದನ್ನು ಅದು ಅಪರಾಧವೆಂದು ಸಾರಿತು. ಹೀಗೆ ನಮ್ಮ ಕಾನೂನಿನ ಕಣ್ಣು ಇರುವುದು ದೋಣಿ, ಬಲೆ, ಗುತ್ತಿಗೆದಾರ, ಕಸುಬುದಾರ ಮೀನುಗಾರ ಇವರ ಮೇಲೆ. ಒಂದು ದಿನದ ಮಟ್ಟಿಗೆ ಬಂದು ಗಾಳ ಹಾಕಿ ಹೋಗುವ ಪ್ರಯಾಣಿಕನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾನೂನು ಇದಲ್ಲ. ಪ್ರವಾಸದ ದೋಣಿಗೆ ಜನರನ್ನು ಹತ್ತಿಸಿಕೊಳ್ಳಲು ಬೇಕಾದ ಸುರಕ್ಷತೆಯ ಅನುಮತಿಯೇ ಬೇರೆ, ಮೀನು ಹಿಡಿಯುವ ಪರವಾನಗಿಯೇ ಬೇರೆ. ಲೈಫ್ ಜಾಕೆಟ್ ಕೊಟ್ಟ ಮಾತ್ರಕ್ಕೆ ಗಾಳ ಕೊಡುವ ಹಕ್ಕು ಬರುವುದಿಲ್ಲ.

ಬಾಡಿಗೆ ದೋಣಿಯ ಮೀನುಬೇಟೆ ದೊಡ್ಡ ಉದ್ಯಮವಾಗಿ ಬೆಳೆದ ಅಮೆರಿಕದಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಕಾಣುತ್ತದೆ. ಫ್ಲಾರಿಡಾದಲ್ಲಿ ಬಾಡಿಗೆ ದೋಣಿಯವನ ಪರವಾನಗಿಯೇ ಅದರಲ್ಲಿರುವ ಪ್ರಯಾಣಿಕರಿಗೂ ಸಲ್ಲುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬಿದ ಪ್ರತಿ ಪ್ರಯಾಣಿಕನೂ ತನ್ನ ಹೆಸರಿನ ಪರವಾನಗಿ ಇಟ್ಟುಕೊಂಡೇ ದೋಣಿ ಹತ್ತಬೇಕು. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಆದರೆ ಆಳದಲ್ಲಿ ಎರಡೂ ಕಡೆ ಒಂದೇ ಸಂಗತಿ ಇದೆ. ಕ್ಯಾಲಿಫೋರ್ನಿಯಾ 1930ರ ದಶಕದಿಂದಲೂ ಇಂಥ ದೋಣಿಗಳಿಂದ ಹಿಡಿದ ಮೀನಿನ ದಿನಚರಿ ಪುಸ್ತಕವನ್ನು ಕೇಳುತ್ತ ಬಂದಿದೆ. ಅಂದರೆ ಪ್ರಯಾಣಿಕನ ಜೇಬಿನಲ್ಲಿ ಚೀಟಿ ಇದ್ದರೂ ಹಿಡಿದ ಮೀನಿನ ಲೆಕ್ಕ ಬರುವುದು ದೋಣಿಯಿಂದಲೇ. ಹವ್ಯಾಸಿ ಗಾಳಗಾರರನ್ನು ಎಣಿಸಲೆಂದು 2006ರ ಕಾನೂನಿನಂತೆ ಅಮೆರಿಕ ರಾಷ್ಟ್ರೀಯ ನೋಂದಣಿಯೊಂದನ್ನು ತಂದಾಗಲೂ ಪರವಾನಗಿ ಪಡೆದ ಬಾಡಿಗೆ ದೋಣಿಯಲ್ಲಿ ಹೋಗುವವರು ಪ್ರತ್ಯೇಕವಾಗಿ ಹೆಸರು ಬರೆಸಬೇಕಿಲ್ಲ ಎಂದು ಬಿಟ್ಟುಕೊಟ್ಟಿತು. ಆ ದೋಣಿಗಳ ಲೆಕ್ಕ ಬೇರೆ ದಾರಿಯಿಂದ ಸಿಗುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಹಾಗಾಗಿ ಚೀಟಿ ಯಾರದು ಎಂಬುದಕ್ಕಿಂತ ಪುಸ್ತಕ ಯಾರದು ಎಂಬುದೇ ಮುಖ್ಯ.

ಇದಕ್ಕೆ ಕನ್ನಡನಾಡಿನಲ್ಲಿಯೇ ಗಟ್ಟಿಯಾದ ಸಾಕ್ಷಿಯಿದೆ. ಕಾವೇರಿ ತೀರದ ಗಾಲಿಬೋರೆ, ಭೀಮೇಶ್ವರಿಗಳ ಶಿಬಿರಗಳಲ್ಲಿ ದೇಶವಿದೇಶದ ಹವ್ಯಾಸಿಗಳು ಹರಿಗೋಲು ಹತ್ತಿ, ಸ್ಥಳೀಯ ಅಂಬಿಗರ ಮಾರ್ಗದರ್ಶನದಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುತ್ತಿದ್ದರು. ಹಿಡಿದದ್ದನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ಹೊಳೆಗೇ ಬಿಡುವುದು ಅಲ್ಲಿಯ ಕ್ರಮ. ಗಾಲಿಬೋರೆಯ ಈ ದಾಖಲೆಗಳನ್ನು ವಿಜ್ಞಾನಿಗಳು ಮುಂದೆ ಪರಿಶೀಲಿಸಿದಾಗ 1998ರಿಂದ 2012ರವರೆಗೆ 23,620 ಗಂಟೆಗಳ ಗಾಳಗಾರಿಕೆಯಲ್ಲಿ 6,161 ಮಹಶೀರ್ ಸಿಕ್ಕಿದ್ದು ತಿಳಿಯಿತು. ಸಿಕ್ಕ ಮೀನುಗಳ ಸಂಖ್ಯೆಯನ್ನಷ್ಟೇ ನೋಡಿದ್ದರೆ ಹೊಳೆ ಸಮೃದ್ಧವಾಗಿದೆ ಎನಿಸುತ್ತಿತ್ತು. ಆದರೆ ಜಾತಿ, ತೂಕಗಳನ್ನೂ ಬರೆದಿಟ್ಟಿದ್ದರಿಂದ ಬೇರೆಯದೇ ಚಿತ್ರ ಹೊರಬಿತ್ತು: ಕಾವೇರಿಯದೇ ಆದ, ಬೆನ್ನು ಗೂನಾದ ಕಿತ್ತಳೆ ರೆಕ್ಕೆಯ ಮಹಶೀರ್ ಕುಸಿದುಹೋಗಿತ್ತು, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗ ಹಿಡಿದಿತ್ತು. ಈ ನೀಲಿ ರೆಕ್ಕೆಯದು ಕೃಷ್ಣೆಯ ಕೊಳ್ಳದ, ಎಂದರೆ ನಮ್ಮ ಮಲಪ್ರಭೆ ಸೇರುವ ನದಿವ್ಯವಸ್ಥೆಯ ಮೀನು. ಒಂದು ಕೊಳ್ಳದ ಮೀನನ್ನು ಇನ್ನೊಂದಕ್ಕೆ ಬಿಟ್ಟರೆ ಏನಾದೀತು ಎಂಬ ಪಾಠ ಆ ಪುಸ್ತಕಗಳಿಂದ ಸಿಕ್ಕಿತು. ಗೂನುಬೆನ್ನಿನ ಮೀನಿಗೆ ಶಾಸ್ತ್ರೀಯ ಹೆಸರು ಖಚಿತವಾದದ್ದು, ಅದು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿದ್ದು 2018ರಲ್ಲಿ. ಬಂದುಹೋದ ಪ್ರತಿ ಅತಿಥಿಗೂ ಒಂದೊಂದು ಚೀಟಿ ಹರಿದುಕೊಟ್ಟು ಸುಮ್ಮನಾಗಿದ್ದರೆ ಇದಾವುದೂ ತಿಳಿಯುತ್ತಿರಲಿಲ್ಲ. ಅತಿಥಿಗಳು ಬದಲಾಗುತ್ತಲೇ ಇದ್ದರು, ಶಿಬಿರದ ಪುಸ್ತಕ ಮಾತ್ರ ಹದಿನೈದು ವರ್ಷ ಒಂದೇ ನೀರನ್ನು ನೋಡುತ್ತ ಕೂತಿತ್ತು.

ತಪ್ಪು ಮಾಡುವುದು ಕೈ, ದಂಡ ಕಟ್ಟುವುದು ದೋಣಿ. ಇದು ಯಾವ ನ್ಯಾಯ ಎಂಬುದು ಮೊದಲ ಆಕ್ಷೇಪ. ಮಾತಿನಲ್ಲಿ ಹುರುಳಿದೆ. ಆದರೆ ಎಲ್ಲಿ ಗಾಳ ಹಾಕಬೇಕು, ಯಾವ ತಿಂಗಳು ಹಾಕಬಾರದು, ಮೇಲೆ ಬಂದ ಮೀನು ಯಾವುದು ಎಂಬುದು ಗೊತ್ತಿರುವುದು ದೋಣಿಯವನಿಗೆ. ಪ್ರಯಾಣಿಕ ಅವನ ಮಾತು ನಂಬಿ ಬಂದವನು. ಬಸ್ಸಿನ ಪರ್ಮಿಟ್ಟನ್ನು ಪ್ರಯಾಣಿಕರಿಂದ ಯಾರೂ ಕೇಳುವುದಿಲ್ಲ. ಹಾಗೆಂದು ಬಸ್ಸಿನೊಳಗೆ ಜೇಬುಗಳ್ಳತನ ಮಾಡಿದವನನ್ನು ಬಿಟ್ಟುಬಿಡುವುದೂ ಇಲ್ಲ. ಪರವಾನಗಿ ದೋಣಿಯದಾದರೂ ವೈಯಕ್ತಿಕ ಹೊಣೆ ಅಳಿಯುವುದಿಲ್ಲ. ಫ್ಲಾರಿಡಾದಲ್ಲಿ ಚೀಟಿ ಬೇಡವಾದರೂ ಒಬ್ಬನಿಗೆ ಇಷ್ಟೇ ಮೀನು ಎಂಬ ಮಿತಿಯನ್ನು ಪ್ರಯಾಣಿಕ ಮೀರುವಂತಿಲ್ಲ. ನಮ್ಮಲ್ಲಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಒಂದೇ. 2001ರಿಂದ ರಕ್ಷಣೆ ಪಡೆದಿರುವ ತಿಮಿಂಗಿಲ ಶಾರ್ಕನ್ನು ಯಾವ ಪರವಾನಗಿ ತೋರಿಸಿಯೂ ಹಿಡಿಯಲಾಗದು. ಪರವಾನಗಿ ಜಾಗದ ಕಾನೂನನ್ನೂ ಮೀರಲಾರದು. ಕಾವೇರಿಯ ಆ ಶಿಬಿರಗಳು ಅಭಯಾರಣ್ಯದೊಳಗೆ ಇದ್ದುದರಿಂದಲೇ, ಹಿಡಿದು ಬಿಡುವ ಕ್ರಮವಿದ್ದರೂ ಅಲ್ಲಿಯ ಗಾಳಗಾರಿಕೆ ನಿಂತುಹೋಯಿತು.

ಎರಡನೆಯ ಆಕ್ಷೇಪ ಇನ್ನೂ ಚೂಪಾದದ್ದು: ದೋಣಿಯವನು ಸುಳ್ಳು ಲೆಕ್ಕ ಬರೆದರೆ? ಬರೆಯಬಹುದು. ಆದರೆ ಚದುರಿಹೋದ ಸಾವಿರ ಪ್ರಯಾಣಿಕರನ್ನು ಹುಡುಕಿ ಕೇಳುವುದಕ್ಕಿಂತ, ಬಂದರಿಗೆ ಮರಳಲೇಬೇಕಾದ ದೋಣಿಯ ಪೆಟ್ಟಿಗೆ ತೆರೆದು ಪುಸ್ತಕದೊಂದಿಗೆ ತಾಳೆ ನೋಡುವುದು ಇಲಾಖೆಗೆ ಸುಲಭ. ಸುಳ್ಳು ಬರೆದವನು ಕಳೆದುಕೊಳ್ಳುವುದು ಒಂದು ದಿನದ ದಂಡವನ್ನಲ್ಲ, ವರ್ಷದ ದುಡಿಮೆಯ ಪರವಾನಗಿಯನ್ನು. ಹೀಗೆ ಕಳೆದುಕೊಳ್ಳಲು ಏನಾದರೂ ಇರುವವನ ಮೇಲೆಯೇ ಕಾನೂನಿನ ಹಿಡಿತ ಗಟ್ಟಿ. ಮೂರನೆಯ ಆಕ್ಷೇಪ ಕಸುಬುದಾರರದು: ಉಳ್ಳವರ ಶೋಕಿಗೆ ದಾರಿ ಮಾಡಿಕೊಟ್ಟು ಬಡವರ ನೀರನ್ನು ಕಿತ್ತುಕೊಳ್ಳುತ್ತೀರಾ? ಈ ಆತಂಕಕ್ಕೆ ಪ್ರಯಾಣಿಕನ ಹೆಸರಿನ ಪರವಾನಗಿಯೇ ಹೆಚ್ಚು ಅಪಾಯಕಾರಿ ಎನ್ನಬೇಕು. ಏಕೆಂದರೆ ಅದು ಪೇಟೆಯವನಿಗೆ ನೇರವಾಗಿ ನೀರಿನ ಹಕ್ಕು ಕೊಡುತ್ತದೆ; ಅವನು ಸ್ವಂತ ದೋಣಿ ತಂದರೂ ಕೇಳುವಂತಿಲ್ಲ. ಪರವಾನಗಿ ದೋಣಿಗಿದ್ದು, ಅದರಲ್ಲೂ ಮೀನುಗಾರರ ಸಂಘದ ಸದಸ್ಯರ ದೋಣಿಗೆ ಮೊದಲ ಪಾಳಿ ಇದ್ದರೆ, ಹವ್ಯಾಸಿ ಬರುವುದು ಕಸುಬುದಾರನ ಗಿರಾಕಿಯಾಗಿಯೇ. ಒಂದು ಗಾಳದಿಂದ ಎಷ್ಟು ಮೀನು ಹೋದೀತು ಎಂದು ನಗುವವರೂ ಇದ್ದಾರೆ. ಟ್ರಾಲ್ ಬಲೆಯ ಎದುರು ಗಾಳ ಅಲ್ಪವೇ ನಿಜ. ಆದರೆ ಗಾಳಗಾರ ಬೆನ್ನು ಹತ್ತುವುದು ಹೆಚ್ಚಾಗಿ ದೊಡ್ಡ ಮೀನನ್ನು. ದೊಡ್ಡ ಹೆಣ್ಣುಮೀನಿನ ಹೊಟ್ಟೆಯಲ್ಲೇ ಮುಂದಿನ ಪೀಳಿಗೆಯ ಹೆಚ್ಚು ಮೊಟ್ಟೆಗಳಿರುತ್ತವೆ.

ಹೀಗಾಗಿ ಕರ್ನಾಟಕಕ್ಕೆ ಹೊಂದುವ ನಿಯಮ ಸರಳವಾಗಿಯೇ ಇರಬಹುದು. ಗಾಳಗಾರರನ್ನು ಕೊಂಡೊಯ್ಯುವ ಬಾಡಿಗೆ ದೋಣಿಗೆ ಪ್ರತ್ಯೇಕ ಬಗೆಯ ಪರವಾನಗಿ, ಅದರಲ್ಲಿಯೇ ಪ್ರಯಾಣಿಕರ ಸಂಖ್ಯೆಯ ಮಿತಿ, ಮಳೆಗಾಲದ ರಜೆ, ತಲೆಗೆ ಇಷ್ಟು ಮೀನು ಎಂಬ ಕಟ್ಟು, ಜಾತಿ ಮತ್ತು ತೂಕ ಬರೆಯುವ ಕನ್ನಡದ ಪುಸ್ತಕ. ಪುಸ್ತಕ ಒಪ್ಪಿಸದವರಿಗೆ ಮರುವರ್ಷ ನವೀಕರಣ ಇಲ್ಲ. ಅಲ್ಲಿಯವರೆಗೆ ಪ್ರಯಾಣಿಕ ತಾನೇ ಕೇಳಿಕೊಳ್ಳಬೇಕಾದದ್ದು ಮೂರು: ಈ ದೋಣಿಗೆ ಮೀನು ಹಿಡಿಯಲು ಅನುಮತಿ ಇದೆಯೇ, ನಾವು ಹೋಗುವ ನೀರು ನಿಷೇಧಿತ ಜಾಗವೇ, ಸಿಕ್ಕ ಮೀನನ್ನು ಇಟ್ಟುಕೊಳ್ಳಬಹುದೇ. ಕಡಲಿಗೆ ಹೋಗದವರಿಗೂ ಇದೇ ತರ್ಕ ಸಲ್ಲುತ್ತದೆ. ಸಂಘ ಗುತ್ತಿಗೆ ಹಿಡಿದು ಮರಿ ಬಿಟ್ಟ ಊರಕೆರೆಯಲ್ಲಿ ಗಾಳ ಹಾಕುವ ಮುನ್ನ ಕೇಳಬೇಕಾದದ್ದು ಸಂಘವನ್ನು. ಆ ನೀರಿನ ಲಾಭನಷ್ಟಕ್ಕೆ ಹೊಣೆ ಹೊತ್ತವರು ಅವರೇ ಆದ್ದರಿಂದ, ಬೇಡ ಎನ್ನುವ ಹಕ್ಕೂ ಹೊರಹೋದ ಮೀನಿನ ಲೆಕ್ಕ ಇಡುವ ಕರ್ತವ್ಯವೂ ಅವರಿಗೇ ಸೇರಬೇಕು.